ಓದುಗರ ಪ್ರಶ್ನೆ: ಈ ಚಳಿಯಲ್ಲಿ ಖಾಲಿ ರೈಲು ಯಾಕೆ ಓಡಿಸುತ್ತಾರೆ?

ಪ್ರಶ್ನೆ: ಕೆನಡಾದ ಒಟ್ಟಾವಾದಲ್ಲಿ ಮಗನ ಮನೆಗೆ ಬಂದಿದ್ದೇವೆ. ಪಕ್ಕದ ಹೆದ್ದಾರಿಯ ನಡುವೆ ಹೊಸ ಲೈಟ್ ರೈಲಿನ ಹಳಿ ಹಾಕಿದ್ದಾರೆ. ಸ್ನೋ ಬೀಳುತ್ತಿದ್ದರೂ ರೈಲು ಹೋಗುತ್ತೆ, ಬರುತ್ತೆ. ಒಳಗೆ ಒಬ್ಬ ಪ್ರಯಾಣಿಕರೂ ಇಲ್ಲ. ಮೇಲ್ಸೇತುವೆ ಮೇಲೆ ಕೆಲವರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಹೇಗೂ ಓಡುತ್ತಿರುವ ರೈಲಿಗೆ ಜನರನ್ನು ಹತ್ತಿಸಿಕೊಳ್ಳಲು ಏನು ಕಷ್ಟ? ಆ ಕ್ಯಾಮೆರಾದವರು ನೋಡುವುದಾದರೂ ಏನನ್ನು?

ಉತ್ತರ: ಒಳ್ಳೆಯ ಪ್ರಶ್ನೆ. ಮಗನ ಮನೆಗೆ ಬಂದ ಅಪ್ಪ ಅಮ್ಮ ಮಾತ್ರ ಅಲ್ಲ, ಆ ಊರಿನವರೂ ವರ್ಷಗಟ್ಟಲೆ ಕೇಳಿದ ಪ್ರಶ್ನೆ ಇದು.

ರೈಲು ಓಡುತ್ತದೆ ಎಂಬುದು ತಯಾರಕರಿಗೆ ಮೊದಲೇ ಗೊತ್ತಿರುತ್ತದೆ. ಹಿಮ ಬಿದ್ದ ರಾತ್ರಿ ಹಳಿ, ತಂತಿ, ಬಾಗಿಲು, ಸಿಗ್ನಲ್, ಕಂಟ್ರೋಲ್ ರೂಮಿನವರು, ಹಿಮ ತೆಗೆಯುವ ಸಿಬ್ಬಂದಿ ಎಲ್ಲ ಹೊಂದಿಕೊಂಡು ಕೆಲಸ ಮಾಡುತ್ತಾರಾ ಅನ್ನುವುದು ಮಾತ್ರ ಓಡಿಸಿ ನೋಡಿದರೇನೇ ಗೊತ್ತಾಗುವುದು. ಒಟ್ಟಾವಾದಲ್ಲಿ ವರ್ಷಕ್ಕೆ ಸರಾಸರಿ 2 ಮೀಟರಿಗೂ ಜಾಸ್ತಿ ಹಿಮ ಬೀಳುತ್ತದೆ. ಅಲ್ಲಿ ಚಳಿಗಾಲವನ್ನು ಬಿಟ್ಟು ರೈಲು ಪರೀಕ್ಷೆ ಮಾಡಿದರೆ ಅರ್ಧ ಪರೀಕ್ಷೆ ಮಾಡಿದ ಹಾಗೆ.

ನೀವು ನೋಡುತ್ತಿರುವುದು ಬಹುಶಃ ಬ್ಲೇರ್ ನಿಲ್ದಾಣದಿಂದ ಟ್ರಿಮ್ ರಸ್ತೆವರೆಗಿನ ಹೊಸ ಭಾಗ. ಸುಮಾರು 12 ಕಿ.ಮೀ., ಐದು ನಿಲ್ದಾಣ. ಇದು ಮೊದಲೇ ಇರುವ ಕಾನ್ಫೆಡರೇಷನ್ ಲೈನ್‌ನ ಪೂರ್ವದ ಬಾಲ. ಆ ಮೂಲ ಮಾರ್ಗ 2019ರ ಸೆಪ್ಟೆಂಬರ್ 14ರಂದು ಶುರುವಾಯಿತು. 12.5 ಕಿ.ಮೀ., 13 ನಿಲ್ದಾಣ, ಪೇಟೆಯ ಕೆಳಗೆ 2.5 ಕಿ.ಮೀ. ಸುರಂಗ. ಖಾಲಿ ರೈಲಿನ ಅರ್ಥ ತಿಳಿಯಬೇಕಾದರೆ ಆ ಮೂಲ ಮಾರ್ಗದ ಕಥೆಯನ್ನೇ ನೋಡಬೇಕು.

ಮೊದಲು ಪಾಯಿಂಟ್‌ಗಳು. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗದಲ್ಲಿ ಚೂಪು ತುದಿಯ ಹಳಿಯೊಂದು ಅತ್ತಿತ್ತ ಸರಿಯುತ್ತದೆ. ಅದು ಪಕ್ಕದ ಹಳಿಗೆ ಒತ್ತಿಕೊಂಡು ಕೂತರೆ ಮಾತ್ರ ಸಿಗ್ನಲ್ ವ್ಯವಸ್ಥೆ ರೈಲನ್ನು ಮುಂದೆ ಬಿಡುತ್ತದೆ. ನಡುವೆ ಒಂದು ಹಿಡಿ ಹಿಮ ಗಟ್ಟಿಯಾಗಿ ಸಿಕ್ಕಿಕೊಂಡರೆ ಮುಗಿಯಿತು, ಹಿಂದಿನ ರೈಲುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಹಾಗಾಗಿ ಪಾಯಿಂಟ್‌ಗಳಿಗೆ ಹೀಟರ್ ಹಾಕಿರುತ್ತಾರೆ. ಆದರೆ ಹೀಟರ್ ಇದೆ ಅನ್ನುವುದು ಬೇರೆ, ಗಾಳಿ ಹಿಮವನ್ನು ತಂದು ಸುರಿಯುವ ರಾತ್ರಿ ಅದರ ಬಿಸಿ ಸಾಲುತ್ತದೆ ಅನ್ನುವುದು ಬೇರೆ. ಒಟ್ಟಾವಾದಲ್ಲಿ ಸಾಲಲಿಲ್ಲ. ಪ್ರಯಾಣಿಕರು ಓಡಾಡಲು ಶುರು ಮಾಡಿದ ಮೊದಲ ಚಳಿಗಾಲದಲ್ಲೇ ಪಾಯಿಂಟ್‌ಗಳು ಕೈಕೊಟ್ಟವು. ಆಮೇಲೆ ವಿದ್ಯುತ್ ಹೀಟರ್ ತೆಗೆದು ಬಿಸಿ ಗಾಳಿ ಊದುವ ಗ್ಯಾಸ್ ಹೀಟರ್ ಹಾಕಬೇಕಾಯಿತು.

ಎರಡನೆಯದು ತಂತಿ. ನಮ್ಮ ಮೆಟ್ರೋ ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಎಳೆದುಕೊಳ್ಳುತ್ತದೆ. ಒಟ್ಟಾವಾದ ರೈಲಿಗೆ ಕರೆಂಟ್ ಬರುವುದು ಮೇಲಿನ ತಂತಿಯಿಂದ, 1500 ವೋಲ್ಟ್. ರೈಲಿನ ಛಾವಣಿ ಮೇಲಿರುವ ಪ್ಯಾಂಟೊಗ್ರಾಫ್ ಆ ತಂತಿಯನ್ನು ಉಜ್ಜುತ್ತಾ ಹೋಗುತ್ತದೆ. ತಂತಿಗೆ ಮಂಜಿನ ಪದರ ಅಂಟಿದ್ದರೆ ಸಂಪರ್ಕ ಕ್ಷಣ ಕ್ಷಣಕ್ಕೂ ತಪ್ಪುತ್ತದೆ, ನೀಲಿ ಬೆಳಕು ಛಟಛಟ ಅಂತ ಮಿಂಚುತ್ತದೆ. ಸೇತುವೆ ಮೇಲೆ ನಿಂತವರು ಬೆಳಗಿನ ಜಾವ ಬರುವುದಕ್ಕೆ ಇದೂ ಒಂದು ಕಾರಣ. ಫೋಟೊಗೆ ಚೆಂದ, ಆದರೆ ಪ್ಯಾಂಟೊಗ್ರಾಫಿಗೂ ತಂತಿಗೂ ಅಷ್ಟು ಒಳ್ಳೆಯದಲ್ಲ.

ಮಂಜಿಗಿಂತ ಕೆಟ್ಟದ್ದು ಬಿದ್ದ ಕೂಡಲೇ ಹೆಪ್ಪುಗಟ್ಟುವ ಮಳೆ. ಅದು ತಂತಿಗೆ ಗಾಜಿನ ಕೊಳವೆಯಂತೆ ಸುತ್ತಿಕೊಳ್ಳುತ್ತದೆ. 2023ರ ಜನವರಿ ಮೊದಲ ವಾರದಲ್ಲಿ ಅಂಥ ಮಳೆ ಬಂದು ರೈಲುಗಳು ನಿಲ್ದಾಣಗಳ ನಡುವೆಯೇ ಸಿಕ್ಕಿಕೊಂಡವು. ಹಲವು ದಿನ ಮಾರ್ಗದ ಒಂದು ಭಾಗದಲ್ಲಿ ಸೇವೆ ಇರಲಿಲ್ಲ. ಅದಕ್ಕೇ ಹಿಮದ ಊರುಗಳಲ್ಲಿ ಬಿರುಗಾಳಿ ಬರುವ ರಾತ್ರಿ ಪ್ರಯಾಣಿಕರಿಲ್ಲದಿದ್ದರೂ ರೈಲು ಓಡಿಸುತ್ತಲೇ ಇರುತ್ತಾರೆ. ಪ್ಯಾಂಟೊಗ್ರಾಫ್ ಉಜ್ಜುತ್ತಿದ್ದರೆ ತಂತಿ ಮೇಲೆ ಪದರ ಕೂರುವುದು ಕಷ್ಟ, ಚಕ್ರ ಉರುಳುತ್ತಿದ್ದರೆ ಹಳಿಯೂ ಮುಚ್ಚಿಹೋಗುವುದಿಲ್ಲ. ಅಂದರೆ ರಾತ್ರಿ ಎರಡು ಗಂಟೆಗೆ ಖಾಲಿ ರೈಲು ಕಂಡರೆ ಅದು ಪರೀಕ್ಷೆಯೇ ಆಗಿರಬೇಕೆಂದಿಲ್ಲ. ಸುಮ್ನೆ ದಾರಿ ತೆರೆದಿಡುವ ಕೆಲಸವೂ ಇರಬಹುದು.

ಇನ್ನು ಛಾವಣಿ. ಈ ರೈಲು ಆಲ್ಸ್ಟಮ್ ಕಂಪನಿಯ ಸಿಟಾಡಿಸ್ ಸ್ಪಿರಿಟ್. ಒಂದೊಂದೂ ಸುಮಾರು 49 ಮೀಟರ್ ಉದ್ದ, ಎರಡೆರಡು ಜೋಡಿಸಿ ಓಡಿಸುತ್ತಾರೆ. ನೆಲ ಪೂರ್ತಿ ತಗ್ಗು. ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿ ತಳ್ಳುವವರಿಗೆ ಬಹಳ ಅನುಕೂಲ. ಆದರೆ ನೆಲ ತಗ್ಗಿಸಿದರೆ ಕೆಳಗೆ ಇಡಬೇಕಾದ ವಿದ್ಯುತ್ ಉಪಕರಣಗಳ ಪೆಟ್ಟಿಗೆಗಳನ್ನು ಎಲ್ಲಿ ಇಡುವುದು? ಛಾವಣಿ ಮೇಲೆ. ಹಿಮ ಬೀಳುವುದೂ ಅಲ್ಲಿಗೇ, ಅಲ್ವಾ? ಜೊತೆಗೆ ಧೂಳು, ಪ್ಯಾಂಟೊಗ್ರಾಫಿನ ಇಂಗಾಲದ ಪುಡಿ, ರಸ್ತೆಗೆ ಹಾಕುವ ಉಪ್ಪಿನ ತೇವ. 2020ರ ಜನವರಿಯಲ್ಲಿ ಛಾವಣಿಯ ವಿದ್ಯುತ್ ಭಾಗಗಳಲ್ಲಿ ಕಿಡಿ ಹಾರಿ ಹಲವು ರೈಲುಗಳು ಮೂಲೆ ಸೇರಿದವು. ಈ ಥರದ ದೋಷ ಒಂದು ಗಂಟೆಯ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಕೊಳೆ ಕೂರಬೇಕು, ಒದ್ದೆಯಾಗಬೇಕು, ಮತ್ತೆ ಒಣಗಬೇಕು. ದಿನಗಟ್ಟಲೆ ಓಡಿಸಿದರೆ ಮಾತ್ರ ಹೊರಬರುತ್ತದೆ.

ಚಕ್ರದ್ದು ಇನ್ನೊಂದು ಕಥೆ. ಜಾರುವ ಹಳಿಯ ಮೇಲೆ ತುರ್ತು ಬ್ರೇಕ್ ಬಿದ್ದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಹಾಗೇ ಜಾರುತ್ತದೆ. ಜಾರಿದ ಜಾಗ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಟಕ್ ಟಕ್ ಸದ್ದು. ಅಂಥ ಚಕ್ರವನ್ನು ಡಿಪೋದಲ್ಲಿ ಯಂತ್ರಕ್ಕೆ ಕೊಟ್ಟು ಮತ್ತೆ ದುಂಡಗೆ ಮಾಡಬೇಕು. ಮೊದಲ ಚಳಿಗಾಲದಲ್ಲಿ ಚಪ್ಪಟೆ ಚಕ್ರದ ರೈಲುಗಳು ಸಾಲುಗಟ್ಟಿ, ಓಡಿಸಲು ಬೇಕಾದಷ್ಟು ರೈಲೇ ಇರಲಿಲ್ಲ. ಸೇತುವೆಯ ಮೇಲಿನ ಹಳೆ ಹುಲಿಗಳು ಈ ಸದ್ದು ಕೇಳಿಯೇ ಯಾವ ರೈಲಿಗೆ ಏನಾಗಿದೆ ಅಂತ ಹೇಳಿಬಿಡುತ್ತಾರೆ.

ಅವರು ನೋಡುವುದು ಇನ್ನೂ ಏನೇನೋ ಇದೆ. ಒಳಗೆ ಮರಳು ಚೀಲ ಅಥವಾ ನೀರಿನ ಡ್ರಮ್ ಇಟ್ಟಿದ್ದರೆ ತುಂಬಿದ ರೈಲಿನ ಭಾರದಲ್ಲಿ ಬ್ರೇಕ್ ಹೇಗೆ ಹಿಡಿಯುತ್ತದೆ ಅಂತ ನೋಡುತ್ತಿದ್ದಾರೆ ಎಂದರ್ಥ. ಒಂದು ರೈಲು ಇನ್ನೊಂದನ್ನು ತಳ್ಳಿಕೊಂಡು ಹೋದರೆ ಅದು ಕೆಟ್ಟು ನಿಂತ ರೈಲನ್ನು ಎಳೆದೊಯ್ಯುವ ಅಭ್ಯಾಸ. ನಿಲ್ದಾಣದಲ್ಲಿ ನಿಂತು ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುವುದು ನಮಗೆ ಬೇಜಾರಿನ ದೃಶ್ಯ. ಆದರೆ ಬಾಗಿಲಿನ ಸಂದಿಯಲ್ಲಿ ಹಿಮ ಗಟ್ಟಿಯಾದಾಗ ಏನಾಗುತ್ತದೆ ಅಂತ ತಿಳಿಯಲು ಬೇರೆ ದಾರಿ ಇಲ್ಲ. ಒಟ್ಟಾವಾದಲ್ಲೇ ಇರುವ ರಾಷ್ಟ್ರೀಯ ಸಂಶೋಧನಾ ಮಂಡಳಿಯ ದೊಡ್ಡ ಶೀತ ಕೋಣೆಯಲ್ಲೂ ಈ ರೈಲನ್ನು ನಿಲ್ಲಿಸಿ ನೋಡಿದ್ದರು. ಆದರೆ ಕೋಣೆಯಲ್ಲಿ ಚಳಿ ಇರುತ್ತದೆ, ಪಾಯಿಂಟ್ ಇರುವುದಿಲ್ಲ.

ಸರಿ, ಜನರನ್ನು ಯಾಕೆ ಹತ್ತಿಸಿಕೊಳ್ಳುವುದಿಲ್ಲ? ಸುರಕ್ಷತೆಯ ಒಪ್ಪಿಗೆ ಸಿಗುವವರೆಗೆ ಹತ್ತಿಸುವ ಹಾಗಿಲ್ಲ ಎಂಬುದು ಸಣ್ಣ ಉತ್ತರ. ಬೆಂಗಳೂರಿನ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರದ ಕಡೆಯವರೂ 2025ರ ಆಗಸ್ಟ್‌ವರೆಗೆ ಖಾಲಿ ರೈಲು ನೋಡಿದವರೇ. ದೊಡ್ಡ ಉತ್ತರ ಏನೆಂದರೆ, ಪರೀಕ್ಷೆಯ ರೈಲು ಎಲ್ಲಿ ಬೇಕಾದರೂ ಕೆಡಬಹುದು, ಕೆಡಬೇಕು ಕೂಡ. ಮೈನಸ್ 20 ಡಿಗ್ರಿಯಲ್ಲಿ 600 ಜನರನ್ನು ಒಳಗಿಟ್ಟುಕೊಂಡು ಕೆಡುವ ಹಾಗಿಲ್ಲ.

ಒಟ್ಟಾವಾದಲ್ಲಿ ತಪ್ಪಿದ್ದು ಇಲ್ಲೇ. ಅಲ್ಲಿ ಮೂಲ ಮಾರ್ಗದ ಪೂರ್ವ ತುದಿಯ ತುಂಡಿನಲ್ಲಿ 2016ರ ಕೊನೆಯಿಂದಲೇ ರೈಲು ಓಡುತ್ತಿತ್ತು. ಚಳಿಗಾಲಗಳೂ ಬಂದು ಹೋದವು. ಆದರೆ ಪೂರ್ತಿ ಮಾರ್ಗ ಸಿದ್ಧವಿರಲಿಲ್ಲ. 2016ರ ಜೂನ್‌ನಲ್ಲಿ ರಿಡೊ ಬೀದಿಯೇ ಸುರಂಗದ ಜಾಗದಲ್ಲಿ ಕುಸಿದು ಗುಂಡಿಯಾಗಿತ್ತು. 2018ರ ಮೇ ತಿಂಗಳಲ್ಲಿ ಕೊಡಬೇಕಿದ್ದ ಮಾರ್ಗದ ದಿನಾಂಕ ಮತ್ತೆ ಮತ್ತೆ ಮುಂದೆ ಹೋಯಿತು. ಕಟ್ಟುವ ಕೆಲಸ ತಡವಾದಂತೆ ಪರೀಕ್ಷೆಯ ಸಮಯ ಕಿರಿದಾಯಿತು. ಕೊನೆಯ ದೊಡ್ಡ ಪರೀಕ್ಷಾ ಓಟ ನಡೆದದ್ದು 2019ರ ಜುಲೈ ಮತ್ತು ಆಗಸ್ಟ್‌ನಲ್ಲಿ, ಒಳ್ಳೆಯ ಬಿಸಿಲಿನಲ್ಲಿ! ಅದರಲ್ಲೂ ಪಾಸಾಗುವ ಅಂಕವನ್ನು ನಡುವೆಯೇ ಇಳಿಸಿದರು. 12 ದಿನವೂ ಚೆನ್ನಾಗಿ ಓಡಬೇಕು ಅನ್ನುವುದರ ಬದಲು 12ರಲ್ಲಿ 9 ಒಳ್ಳೆಯ ದಿನ ಸಾಕು ಎಂದಾಯಿತು, ಓಡಬೇಕಿದ್ದ ದೂರದಲ್ಲಿ ಶೇ. 98ರಷ್ಟಾದರೂ ಓಡಬೇಕು ಎಂದಿದ್ದದ್ದು ಸರಾಸರಿ 96ಕ್ಕೆ ಬಂತು. ನ್ಯಾಯಮೂರ್ತಿ ವಿಲಿಯಂ ಹೂರಿಗನ್ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ 2022ರ ನವೆಂಬರ್‌ನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿತು.

ರೈಲು ಶುರುವಾಗಿ ತಿಂಗಳಾಗುವಷ್ಟರಲ್ಲಿ ಜೊತೆಗೆ ಓಡುತ್ತಿದ್ದ ಬಸ್‌ಗಳನ್ನು ನಿಲ್ಲಿಸಿದರು. ಅದೇ ವಾರ, ಮುಚ್ಚುತ್ತಿದ್ದ ಬಾಗಿಲನ್ನು ಯಾರೋ ಹಿಡಿದರು. ಬಾಗಿಲು ಕೆಟ್ಟಿತು, ರೈಲು ನಿಂತಿತು, ಪ್ಲಾಟ್‌ಫಾರಂ ತುಂಬಿ ಹೋಯಿತು. ಇದು ಹಿಮಕ್ಕೂ ಮುಂಚಿನ ಮಾತು. ಖಾಲಿ ರೈಲಿನ ಪರೀಕ್ಷೆಗೆ ಎಟುಕದ ಒಂದೇ ವಿಷಯ ಅಂದರೆ ನಾವೇ, ಅವಸರದಲ್ಲಿರುವ ಪ್ರಯಾಣಿಕರು. ಹಾಗಂತ ಎಲ್ಲವನ್ನೂ ಹಿಮದ ತಲೆಗೆ ಕಟ್ಟುವುದೂ ಬೇಡ. 2021ರಲ್ಲಿ ಅಲ್ಲಿ ಎರಡು ಸಲ ರೈಲು ಹಳಿ ತಪ್ಪಿದ್ದು ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ, ಹೊಸ ಭಾಗ ಇನ್ನೂ ಯಾಕೆ ತೆರೆದಿಲ್ಲ ಅನ್ನುವ ಗೊಣಗಾಟಕ್ಕಿಂತ, ಎಷ್ಟು ಬಿರುಗಾಳಿಗಳಲ್ಲಿ ಓಡಿತು ಅನ್ನುವ ಲೆಕ್ಕ ಕೇಳುವುದು ಜಾಸ್ತಿ ಉಪಯೋಗ. ಆ ಲೆಕ್ಕ ಇಟ್ಟವರು ಸೇತುವೆ ಮೇಲಿನವರೇ. ಸಂಬಳ ಇಲ್ಲ, ಬೆರಳು ಮರಗಟ್ಟುವ ಚಳಿ, ಆದರೂ ಯಾವ ದಿನ ಯಾವ ರೈಲು ಎಲ್ಲಿ ನಿಂತಿತು ಅಂತ ಬರೆದಿಡುತ್ತಾರೆ.

ನಿಮಗೂ ನೋಡುವ ಆಸೆ ಇದ್ದರೆ ಬೇಲಿ ಹತ್ತಿರ ಹೋಗಬೇಡಿ, ತಂತಿಯಲ್ಲಿ ಕರೆಂಟ್ ಸದಾ ಇದೆ ಎಂದೇ ತಿಳಿಯಿರಿ. ಮೂಲ ಮಾರ್ಗದ ಟ್ರಾಂಬ್ಲೆ ನಿಲ್ದಾಣದ ಪಕ್ಕ ಹೆದ್ದಾರಿ ದಾಟುವ ಮ್ಯಾಕ್ಸ್ ಕೀಪಿಂಗ್ ಪಾದಚಾರಿ ಸೇತುವೆ ಒಳ್ಳೆಯ ಜಾಗ. ಹೊಸ ಭಾಗದಲ್ಲಿ ರೈಲು ಮನಸ್ಸಿಗೆ ಬಂದಂತೆ ನಿಂತು ಹೊರಡುತ್ತಿದ್ದರೆ ಇನ್ನೂ ಬಿಡಿ ಬಿಡಿ ಪರೀಕ್ಷೆ ನಡೆಯುತ್ತಿದೆ ಎಂದರ್ಥ. ಐದೂ ನಿಲ್ದಾಣದಲ್ಲಿ ನಿಂತು, ಬಾಗಿಲು ತೆರೆದು, ಕೆಲವೇ ನಿಮಿಷಕ್ಕೆ ಹಿಂದೆಯೇ ಇನ್ನೊಂದು ಬಂದು, ದಿನವಿಡೀ ಹಾಗೇ ನಡೆದರೆ ಅದು ವೇಳಾಪಟ್ಟಿಯ ಪ್ರಕಾರದ ಓಟ. ಅಂಥದ್ದು ವಾರಗಟ್ಟಲೆ ಕಂಡರೆ ಮಗನಿಗೆ ಪಾಸ್ ತೆಗೆದುಕೊಳ್ಳಲು ಹೇಳಬಹುದು.