ಪೂರ್ತಿ ರೂಲ್ ಬುಕ್ ಓದಿಯೇ ಆಟಕ್ಕೆ ಕೂರಬೇಕಾ?

ಪ್ರಶ್ನೆ: ನಾವು ಐದು ಜನ ಗೆಳೆಯರು ಮೊದಲ ಸಲ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್ ಆಡಲು ಹೊರಟಿದ್ದೇವೆ. 2014ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಗಾರರ ಪುಸ್ತಕ ಕೈಗೆ ಸಿಕ್ಕಿದೆ. ಗೇಮ್ ಮಾಸ್ಟರ್, ಅಂದರೆ ಕಥೆ ನಡೆಸುತ್ತಾ ಎಲ್ಲರನ್ನೂ ಆಡಿಸುವ ಕೆಲಸ ನನ್ನ ತಲೆಗೇ ಬಂತು. ಪುಸ್ತಕ 320 ಪುಟ ಇದೆ. ಎಷ್ಟು ಸಲ ಶುರು ಮಾಡಿದರೂ ಎಲ್ಫ್, ಡ್ವಾರ್ಫ್, ಬಾರ್ಬೇರಿಯನ್ ಅಂತ ಓದುತ್ತಾ ಅಲ್ಲೇ ನಿಂತುಬಿಡುತ್ತೇನೆ. ಪೂರ್ತಿ ಓದದೆ ಆಡಿಸಲು ಕೂತರೆ ನಗೆಪಾಟಲಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ನೀವು ಇನ್ನೂ ನಿಯಮಗಳ ಹತ್ತಿರವೇ ಹೋಗಿಲ್ಲ. ಆ ಪುಸ್ತಕದಲ್ಲಿ ಆಟ ಹೇಗೆ ಆಡುವುದು ಎನ್ನುವ ಭಾಗ ಶುರುವಾಗುವುದೇ 170ನೇ ಪುಟ ದಾಟಿದ ಮೇಲೆ. ಅದಕ್ಕೂ ಮುಂಚೆ ಇರುವುದೆಲ್ಲ ಪಾತ್ರ ಕಟ್ಟಿಕೊಳ್ಳಲು ಬೇಕಾದ ಆಯ್ಕೆಗಳು. ಯುದ್ಧದ ಅಧ್ಯಾಯ ಸುಮಾರು 10 ಪುಟ. ಸ್ಪೆಲ್‌ಗಳ, ಅಂದರೆ ಮಂತ್ರಗಳ ವಿವರಣೆಗೆ 70ಕ್ಕೂ ಜಾಸ್ತಿ ಪುಟ. ಅಂದರೆ ದಪ್ಪ ಕಾಣುವುದು ಪಟ್ಟಿಗಳಿಂದ. ಪಟ್ಟಿಯನ್ನು ಬೇಕಾದಾಗ ತೆಗೆದು ನೋಡಿದರೆ ಸಾಕು, ಅಲ್ವಾ?

ಹಾಗಾಗಿ ಮಧ್ಯದಿಂದ ಶುರು ಮಾಡಿ. ಏಳರಿಂದ ಒಂಬತ್ತನೇ ಅಧ್ಯಾಯದವರೆಗೆ ಓದಿ, ಅದೂ ಒಂದೇ ಪ್ರಶ್ನೆ ಇಟ್ಟುಕೊಂಡು: ಈ ಆಟದಲ್ಲಿ ದಾಳ ಯಾವಾಗ ಹಾಕಬೇಕು? ಹೇಗೆ ಹಾಕಬೇಕು ಎನ್ನುವುದು ಹತ್ತು ನಿಮಿಷದ ವಿಷಯ. 20 ಮುಖದ ದಾಳ ಹಾಕಿ, ಪಾತ್ರದ ಬೋನಸ್ ಕೂಡಿಸಿ, ಗುರಿಯ ಸಂಖ್ಯೆ ಮುಟ್ಟಿತಾ ನೋಡಿ. ಹೊಡೆದಾಟ, ಗೋಡೆ ಹತ್ತುವುದು, ಸುಳ್ಳು ಹೇಳುವುದು, ವಿಷ ತಡೆದುಕೊಳ್ಳುವುದು ಎಲ್ಲಕ್ಕೂ ಇದೇ ಲೆಕ್ಕ. ಎಡವುವುದು 'ಯಾವಾಗ' ಎನ್ನುವಲ್ಲಿ. ಬೀಗ ಹಾಕಿದ ಬಾಗಿಲಿದೆ, ಕಾವಲಿಲ್ಲ, ಆತುರವೂ ಇಲ್ಲ, ಕಳ್ಳನ ಕೈಯಲ್ಲಿ ಬೀಗ ತೆಗೆಯುವ ಸಲಕರಣೆ ಇದೆ. ಇಲ್ಲಿ ದಾಳ ಯಾಕೆ? ಬಾಗಿಲು ತೆರೆಯಿತು ಎಂದು ಹೇಳಿ ಮುಂದೆ ಹೋಗಿ. ಅದೇ ಬಾಗಿಲ ಆಚೆ ಹೆಜ್ಜೆ ಸಪ್ಪಳ ಕೇಳುತ್ತಿದ್ದರೆ ಆಗ ಹಾಕಿಸಿ. ಸೋತರೆ ಏನಾದರೂ ಕೆಡಬೇಕು, ಇಲ್ಲದಿದ್ದರೆ ದಾಳ ಸುಮ್ನೆ ಹೊತ್ತು ತಿನ್ನುತ್ತದೆ.

ಓದಿದ್ದು ತಲೆಯಲ್ಲಿ ಕೂರಬೇಕಾದರೆ ಗೆಳೆಯರನ್ನು ಕರೆಯುವ ಮುಂಚೆ ಒಬ್ಬರೇ ಕೂತು ಒಂದು ಸುಳ್ಳು ಜಗಳ ಆಡಿ. ನನ್ನ ಪ್ರಕಾರ ಐವತ್ತು ಪುಟ ಓದುವುದಕ್ಕಿಂತ ಇದು ಮೇಲು. ಒಬ್ಬ ಫೈಟರ್ (ಯೋಧ), ಒಂದು ಗಾಬ್ಲಿನ್ (ಸಣ್ಣ ದುಷ್ಟ ಜೀವಿ) ಸಾಕು. ಗಾಬ್ಲಿನ್‌ನ ಅಂಕಿಗಳು ನಿಮ್ಮ ಪುಸ್ತಕದಲ್ಲಿ ಸಿಗುವುದಿಲ್ಲ. ಆದರೆ ಈ ಆಟದ ಮೂಲ ನಿಯಮಗಳ ಒಂದು ದಾಖಲೆಯನ್ನು ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1 ಅಂತ ಹುಡುಕಿ, ಪುಕ್ಕಟೆ ಸಿಗುತ್ತದೆ. ಗೆಳೆಯರಿಗೂ ಅದನ್ನೇ ಕಳಿಸಿ.

ಫೈಟರ್‌ನ ಸ್ಟ್ರೆಂತ್ 16 ಇರಲಿ. ಹತ್ತು ಕಳೆದು ಅರ್ಧ ಮಾಡಿದರೆ +3. ಮೊದಲ ಲೆವೆಲ್‌ನ ಪ್ರೊಫಿಶಿಯೆನ್ಸಿ, ಅಂದರೆ ಪಳಗಿದ ಕೈಗೆ ಸಿಗುವ ಬೋನಸ್, +2. ಹೊಡೆಯಲು ಒಟ್ಟು +5. ಚೈನ್ ಮೇಲ್ ಕವಚ ಮತ್ತು ಗುರಾಣಿ ಸೇರಿ ಆರ್ಮರ್ ಕ್ಲಾಸ್ (ಏಟು ತಗುಲಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ) 18. ಗಾಬ್ಲಿನ್‌ಗೆ ಆರ್ಮರ್ ಕ್ಲಾಸ್ 15, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದು ಎನ್ನುವ ಲೆಕ್ಕ) 7, ಹೊಡೆಯಲು +4. ಯಾರು ಮೊದಲು ಎಂದು ಇನಿಶಿಯೇಟಿವ್ ದಾಳ ಹಾಕಿ. ಗಾಬ್ಲಿನ್ ಮೊದಲು ಬಂತು ಅಂದುಕೊಳ್ಳಿ. 13 ಬಿತ್ತು, ನಾಲ್ಕು ಸೇರಿ 17. ಗುರಾಣಿ ಉಳಿಸಿತು. ಫೈಟರ್‌ಗೆ 9 ಬಿತ್ತು, ಐದು ಸೇರಿ 14. ಒಂದೇ ಒಂದರಲ್ಲಿ ತಪ್ಪಿತು! ಮುಂದಿನ ಸುತ್ತಿನಲ್ಲಿ 12, ಅಂದರೆ 17, ತಗುಲಿತು. ಲಾಂಗ್‌ಸ್ವೋರ್ಡ್‌ಗೆ 8 ಮುಖದ ದಾಳ: 4 ಬಿತ್ತು, ಸ್ಟ್ರೆಂತ್‌ನ ಮೂರು ಸೇರಿ 7. ಗಾಬ್ಲಿನ್ ಕಥೆ ಮುಗಿಯಿತು.

ಈಗ ಇನ್ನೊಂದು ಸಲ ಆಡಿ, ಈ ಬಾರಿ ಗಾಬ್ಲಿನ್ ಓಡಿಹೋಗಲಿ. ತಕ್ಷಣ ಅನುಮಾನ ಬರುತ್ತದೆ: ಪಕ್ಕದಲ್ಲಿ ಕತ್ತಿ ಹಿಡಿದು ನಿಂತವನು ಸುಮ್ಮನೆ ಬಿಡುತ್ತಾನಾ? ಬಿಡುವುದಿಲ್ಲ, ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಬಳಸಿ ಒಂದು ಏಟು ಹಾಕಬಹುದು. ಆದರೆ ಗಾಬ್ಲಿನ್‌ಗೆ ಬೋನಸ್ ಆಕ್ಷನ್‌ನಲ್ಲೇ (ತನ್ನ ಸರದಿಯ ಮುಖ್ಯ ಆಕ್ಷನ್ ಜೊತೆಗೆ ಮಾಡುವ ಸಣ್ಣ ಕೆಲಸದಲ್ಲೇ) ನುಣುಚಿಕೊಳ್ಳುವ ಶಕ್ತಿ ಇದೆ, ಹಾಗೆ ಮಾಡಿದರೆ ಆ ಏಟು ಸಿಗುವುದಿಲ್ಲ. ಇಷ್ಟರಲ್ಲೇ ಆಕ್ಷನ್, ಬೋನಸ್ ಆಕ್ಷನ್, ರಿಯಾಕ್ಷನ್ ಮೂರೂ ಬಂದುಹೋದವು. ಹೀಗೆ ಅನುಮಾನ ಬಂದ ಮೇಲೆ ಹುಡುಕಿದ ನಿಯಮ ಮರೆಯುವುದಿಲ್ಲ.

ಸ್ಪೆಲ್‌ಗಳ ಗೊಡವೆ ನಿಮಗೆ ಬೇಡ. ವಿಝರ್ಡ್ ಆಡುವವರು ತಮ್ಮ ಸ್ಪೆಲ್‌ಗಳನ್ನು ತಾವೇ ಓದಿಕೊಂಡು ಬರಲಿ, ಎಲ್ಲರೂ ತಂತಮ್ಮ ಕ್ಲಾಸಿನ (ಫೈಟರ್, ವಿಝರ್ಡ್ ಥರದ ಪಾತ್ರದ ಬಗೆಯ) ಪುಟಗಳಿಗೆ ಜವಾಬ್ದಾರರು. ಎಲ್ಲರೂ ಮೊದಲ ಲೆವೆಲ್‌ನಲ್ಲೇ ಶುರು ಮಾಡಿದರೆ ಓದಲು ಇರುವುದೂ ಕಮ್ಮಿ. ನೀವು ನೆನಪಿಡಬೇಕಾದ್ದು ಕಾನ್ಸಂಟ್ರೇಶನ್ (ಸ್ಪೆಲ್ ನಿಲ್ಲದಂತೆ ಗಮನ ಹಿಡಿದಿಡುವುದು) ಒಂದೇ, ಹೊಸಬರು ಜಾಸ್ತಿ ಮರೆಯುವುದು ಇದನ್ನೇ. ಕಾನ್ಸಂಟ್ರೇಶನ್ ಬೇಕಾದ ಸ್ಪೆಲ್ ಒಂದು ಸಲಕ್ಕೆ ಒಂದೇ ನಡೆಯುತ್ತದೆ, ಇನ್ನೊಂದು ಹಾಕಿದರೆ ಹಳೆಯದು ಹೋಯಿತು. ನಡುವೆ ಪೆಟ್ಟು ಬಿದ್ದರೆ ಕಾನ್ಸ್ಟಿಟ್ಯೂಶನ್ ಸೇವ್, ಅಂದರೆ ದೇಹದ ತಾಳಿಕೆಯ ದಾಳ ಹಾಕಬೇಕು. ಗುರಿ 10, ಇಲ್ಲವೇ ಬಿದ್ದ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದು.

ಆಟದ ಮಧ್ಯೆ ನಿಯಮ ಮರೆತರೆ? ಮರೆತೇ ಮರೆಯುತ್ತೀರಿ. ಒಂದು ನಿಮಿಷ ಹುಡುಕಿ, ಸಿಗದಿದ್ದರೆ ಪುಸ್ತಕ ಮುಚ್ಚಿ ನೀವೇ ತೀರ್ಮಾನ ಹೇಳಿ. ಅದಕ್ಕೊಂದು ಒಳ್ಳೆಯ ಸಾಧನ ಆಟದಲ್ಲೇ ಇದೆ: ಅಡ್ವಾಂಟೇಜ್ ಮತ್ತು ಡಿಸ್‌ಅಡ್ವಾಂಟೇಜ್. ಪರಿಸ್ಥಿತಿ ಆಟಗಾರನ ಪರವಾಗಿದ್ದರೆ 20 ಮುಖದ ದಾಳ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಲಿ, ವಿರುದ್ಧವಾಗಿದ್ದರೆ ಚಿಕ್ಕದನ್ನು. ಇದು ಸಣ್ಣ ಸಹಾಯವೇನಲ್ಲ. 10 ಅಥವಾ ಮೇಲೆ ಬೀಳಬೇಕು ಎಂದಿದ್ದರೆ ಒಂದು ದಾಳದಲ್ಲಿ ಗೆಲ್ಲುವ ಸಾಧ್ಯತೆ ಶೇ. 55, ಅಡ್ವಾಂಟೇಜ್ ಇದ್ದರೆ ಹೆಚ್ಚುಕಮ್ಮಿ ಶೇ. 80. ಮೇಜಿನ ಮೇಲೆ ನಿಂತು ಕೆಳಗಿರುವವನಿಗೆ ಹೊಡೆದರೆ ಲಾಭ ಇದೆಯಾ ಅಂತ ಯಾರಾದರೂ ಕೇಳಿದರೆ, ಸರಿ ಅನಿಸಿದರೆ ಕೊಟ್ಟುಬಿಡಿ. ಚೀಟಿಯಲ್ಲಿ ಬರೆದಿಟ್ಟುಕೊಂಡು ಆಟ ಮುಗಿದ ಮೇಲೆ ಪುಸ್ತಕ ನೋಡಿ. ಒಂದಕ್ಕೆ ಮಾತ್ರ ಹೀಗೆ ಮಾಡಬೇಡಿ: ಪಾತ್ರ ಸಾಯುವ ಹಂತಕ್ಕೆ ಬಂದಾಗ ನಿಧಾನವಾದರೂ ಪುಸ್ತಕ ತೆಗೆದೇ ನೋಡಿ. ಅಲ್ಲಿ ಅಂದಾಜಿನ ತೀರ್ಪು ಕೊಟ್ಟರೆ ಮನಸ್ತಾಪ ಗ್ಯಾರಂಟಿ.

ಇದೇನು ಅಡ್ಡದಾರಿಯಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಮೊದಲು ತಂದಾಗ ಅದು ಮೂರು ತೆಳು ಪುಸ್ತಿಕೆಗಳಷ್ಟೇ. ಎಷ್ಟೋ ವಿಷಯ ಅದರಲ್ಲಿ ಇರಲೇ ಇಲ್ಲ, ಆಡಿಸುವವರು ತುಂಬಿಕೊಂಡೇ ಆಡಿದರು.

ಮುಂದೆ ಇದೇ ಥರದ ಬೇರೆ ಆಟಕ್ಕೆ ಹೋದರೆ ಕಾಟ ಕೊಡುವುದು ಪುಟಗಳಲ್ಲ, ಹಳೇ ಅಭ್ಯಾಸ. ಪಾಥ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಪ್ರತಿ ಸರದಿಗೆ ಮೂರು ಆಕ್ಷನ್. ಹಾಗಂತ ಮೂರನ್ನೂ ಹೊಡೆಯಲು ಬಳಸಿದರೆ ಸಾಮಾನ್ಯವಾಗಿ ಎರಡನೇ ಏಟಿಗೆ 5, ಮೂರನೆಯದಕ್ಕೆ 10 ಕಳೆಯಬೇಕು. ಒಂದು ಹೊಡೆದು, ಒಂದರಲ್ಲಿ ಗುರಾಣಿ ಎತ್ತಿ, ಒಂದರಲ್ಲಿ ದೂರ ಸರಿಯುವುದೇ ಎಷ್ಟೋ ಸಲ ಜಾಣತನ. ಡಂಜನ್ ವರ್ಲ್ಡ್‌ನಲ್ಲಿ 6 ಮುಖದ ದಾಳ ಎರಡು. ಒಟ್ಟು 10 ಅಥವಾ ಮೇಲೆ ಬಂದರೆ ಗೆದ್ದಿರಿ, 7ರಿಂದ 9 ಬಂದರೆ ಗೆದ್ದರೂ ಏನೋ ಒಂದು ತೊಡಕು, 6 ಅಥವಾ ಕೆಳಗೆ ಬಂದರೆ ಗೇಮ್ ಮಾಸ್ಟರ್ ಕೈ ಮೇಲು. ಅಲ್ಲಿ ಗಾಬ್ಲಿನ್‌ಗೆ ಸರದಿಯೂ ಇಲ್ಲ, ಇನಿಶಿಯೇಟಿವ್ ಕೂಡ ಇಲ್ಲ. ಹಾಗಾಗಿ ಯಾವ ಹೊಸ ಪುಸ್ತಕ ತೆಗೆದರೂ ದಾಳ ಯಾವಾಗ, ಸೋತರೆ ಏನಾಗುತ್ತದೆ, ಒಂದು ಸರದಿಯಲ್ಲಿ ಏನೇನು ಮಾಡಬಹುದು ಎನ್ನುವುದನ್ನು ಮೊದಲು ಹುಡುಕಿ, ಆಮೇಲೆ ಅದರ ನಿಯಮದಲ್ಲೇ ಒಂದು ಗಾಬ್ಲಿನ್ ಜೊತೆ ಜಗಳಕ್ಕೆ ಇಳಿಯಿರಿ.