ಕಾಲೊರೆಸುವ ಮ್ಯಾಟಿನ ಮೇಲೇಕೆ ಉಚ್ಚೆ? ಪುಟ್ಟ ನಾಯಿಗೆ ಮನೆಯೊಳಗಿನ ಶೌಚಪಾಠ

ಉಚ್ಚೆ ಹೀರುವ ಪ್ಯಾಡಿನ ಮೇಲೆ ಕೂರಲು ಚೆನ್ನಾಗಿಯೇ ಕಲಿತಿದ್ದ, ಶಿಟ್ಜು ಎಂಬ ಪುಟ್ಟ ತಳಿಯ ನಾಯಿಮರಿ ಒಂದು ದಿನ ಬಾಗಿಲ ಬಳಿಯ ಕಾಲೊರೆಸುವ ಮ್ಯಾಟಿನ ಮೇಲೆ ಒಂದಕ್ಕೆ ಕೂರುತ್ತದೆ. ಮರುದಿನ ಬಚ್ಚಲುಮನೆಯ ಮುಂದಿನ ಮ್ಯಾಟು, ಅದರಾಚೆ ದಿನ ಮಂಚದಿಂದ ಜಾರಿ ಬಿದ್ದ ಟವೆಲ್ಲು. ಕಲಿತದ್ದೆಲ್ಲ ಮರೆತುಹೋಯಿತು, ಬೇಕೆಂದೇ ಹಟ ಮಾಡುತ್ತಿದೆ ಎಂದು ಮನೆಯವರು ಗದರುತ್ತಾರೆ. ಮರಿ ಏನನ್ನೂ ಮರೆತಿಲ್ಲ. ಕಾಲಡಿಗೆ ಮೆತ್ತಗಿದ್ದು ಒದ್ದೆ ಹೀರುವ ಬಟ್ಟೆಯಂಥದ್ದು ಸಿಕ್ಕರೆ ಅಲ್ಲಿ ಕೂರಬೇಕು ಎಂಬುದೇ ಅದು ಕಲಿತ ಪಾಠ. ಆ ಲೆಕ್ಕದಲ್ಲಿ ಮ್ಯಾಟು, ಟವೆಲ್ಲು, ಪ್ಯಾಡು ಮೂರೂ ಒಂದೇ.

ಹುಟ್ಟಿದ ಮೊದಲ ಎರಡು ಮೂರು ವಾರ ನಾಯಿಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ತಾಯಿ ನೆಕ್ಕಿ ಪ್ರಚೋದಿಸಬೇಕು, ಹೊರಬಂದದ್ದನ್ನು ಅವಳೇ ನೆಕ್ಕಿ ಚೊಕ್ಕಟ ಮಾಡುತ್ತಾಳೆ. ಮೂರನೆಯ ವಾರ ದಾಟಿ ಕಾಲಿಗೆ ಬಲ ಬಂದಂತೆ ಮರಿ ಮಲಗುವ ಜಾಗ ಬಿಟ್ಟು ಆಚೆ ತೆವಳಿ ಹೋಗಿ ಕೂರಲು ಶುರುಮಾಡುತ್ತದೆ. ಹೀಗೆ ಹೋದಾಗ ಕಾಲಡಿ ಏನು ಸಿಗುತ್ತದೋ ಅದೇ ಅಭ್ಯಾಸವಾಗುತ್ತಾ ಬಂದು, ಏಳರಿಂದ ಒಂಬತ್ತನೆಯ ವಾರದ ಹೊತ್ತಿಗೆ ಬೇರೂರುತ್ತದೆ. ಹುಲ್ಲಿನ ಮೇಲೆ ಬೆಳೆದ ಮರಿ ಹುಲ್ಲು ಹುಡುಕುತ್ತದೆ, ಹಳೆ ಪೇಪರ್ ಹಾಸಿದ ಕೋಣೆಯಲ್ಲಿ ಬೆಳೆದದ್ದು ಪೇಪರ್ ಹುಡುಕುತ್ತದೆ. ನಮ್ಮಲ್ಲಿ ಮರಿಗಳು ಮನೆಗೆ ಬರುವುದು ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ. ಹಾಗಾಗಿ ಮರಿ ತರುವಾಗ ಊಟ, ಲಸಿಕೆಯ ಜೊತೆಗೆ ಕೇಳಲೇಬೇಕಾದ ಪ್ರಶ್ನೆ: ಇದುವರೆಗೆ ಇದು ಯಾವುದರ ಮೇಲೆ ಕೂರುತ್ತಿತ್ತು?

ಪುಟ್ಟ ತಳಿಗಳಿಗೆ ಮನೆಯೊಳಗೊಂದು ಶೌಚದ ಜಾಗ ಬೇಕಾಗುವುದು ನಮ್ಮ ಸೋಮಾರಿತನಕ್ಕಲ್ಲ. ಪ್ರಾಣಿಗಳ ಶಕ್ತಿಯ ಅಗತ್ಯ ತೂಕದಷ್ಟೇ ವೇಗವಾಗಿ ಏರುವುದಿಲ್ಲ. ಮೂವತ್ತು ಕಿಲೋದ ಲ್ಯಾಬ್ರಡಾರ್ ಮೂರು ಕಿಲೋದ ಪೊಮೇರಿಯನ್‌ಗಿಂತ ಹತ್ತು ಪಟ್ಟು ಭಾರ, ಆದರೆ ಅದರ ಶಕ್ತಿಯ ಅಗತ್ಯ ಸುಮಾರು ಐದೂವರೆ ಪಟ್ಟು ಮಾತ್ರ. ತಿರುಗಿಸಿ ನೋಡಿದರೆ, ಪ್ರತಿ ಕಿಲೋ ತೂಕಕ್ಕೆ ಪುಟ್ಟ ನಾಯಿ ಹೆಚ್ಚು ತಿನ್ನುತ್ತದೆ, ಹೆಚ್ಚು ಕುಡಿಯುತ್ತದೆ. ಅದನ್ನು ಹಿಡಿದಿಡುವ ಮೂತ್ರಕೋಶ ಮಾತ್ರ ಪುಟ್ಟದು. ಆರೋಗ್ಯವಂತ ನಾಯಿಯಲ್ಲಿ ಕಿಲೋಗೆ ಗಂಟೆಗೆ ಒಂದರಿಂದ ಎರಡು ಮಿಲಿಲೀಟರ್ ಮೂತ್ರ ತಯಾರಾಗುತ್ತದೆ. ಮೂರು ಕಿಲೋದ ನಾಯಿಗೆ ದಿನಕ್ಕೆ ಸುಮಾರು 70ರಿಂದ 145 ಮಿಲಿಲೀಟರ್. ಮರಿಯ ವಯಸ್ಸಿನ ತಿಂಗಳಿಗೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬ ರೂಢಿಯ ಲೆಕ್ಕವಿದೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಪುಟ್ಟ ತಳಿಯಲ್ಲಿ ಇದನ್ನು ಮಲಗಿರುವಾಗಿನ ಗರಿಷ್ಠ ಮಿತಿಯೆಂದು ಹಿಡಿಯಬೇಕು. ಎದ್ದು ಓಡಾಡುವಾಗ ಒಂದು ಗಂಟೆಯೂ ಹೆಚ್ಚೇ.

ಇನ್ನೊಂದು ಕಾರಣ ಮರಿಗಳಿಗೆ ಮಾರಕವಾದ ವಾಂತಿಭೇದಿ ತರುವ ಪಾರ್ವೊ ವೈರಸ್. ರೋಗಿ ನಾಯಿಯ ಮಲದಿಂದ ನೆಲಕ್ಕಿಳಿದ ಈ ವೈರಸ್ ತಿಂಗಳುಗಟ್ಟಲೆ ಸಾಯದೆ ಉಳಿಯುತ್ತದೆ. ಆರೆಂಟು ವಾರಕ್ಕೆ ಆರಂಭವಾಗುವ ಲಸಿಕೆಯ ಸರಣಿ ಮುಗಿಯುವುದು ಸುಮಾರು ಹದಿನಾರು ವಾರಕ್ಕೆ. ಅಲ್ಲಿಯವರೆಗೆ ಬೀದಿ, ಪಾರ್ಕು ಮರಿಗೆ ಅಪಾಯದ ಜಾಗಗಳೇ. ಶೌಚ ಕಲಿಯುವ ವಯಸ್ಸೂ ಇದೇ, ಹೊರಗೆ ಕಾಲಿಡಬಾರದ ವಯಸ್ಸೂ ಇದೇ.

ಹಾಗಾದರೆ ಯಾವ ಮೇಲ್ಮೈ? ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಹೆಚ್ಚು ಜನ ಮೊದಲು ಆರಿಸುವುದು ಬಚ್ಚಲುಮನೆ. ನೀರು ಹಾಕಿದರೆ ಹರಿದುಹೋಗುತ್ತದೆ, ಖರ್ಚಿಲ್ಲ. ಹೆಚ್ಚು ಸೋಲುವುದೂ ಇದೇ, ಏಕೆಂದರೆ ಬಚ್ಚಲಿನ ಟೈಲ್ಸು, ಅಡುಗೆಮನೆಯ ಟೈಲ್ಸು, ಹಾಲಿನ ಟೈಲ್ಸು ನಾಯಿಯ ಪಾದಕ್ಕೆ ಒಂದೇ ತರಹ. ನುಣುಪಾದ ತಣ್ಣನೆಯ ನೆಲದಲ್ಲಿ ಕೂರುವುದು ಎಂದು ಅದು ಕಲಿತರೆ ಇಡೀ ಮನೆಯೇ ಬಚ್ಚಲಾಗುತ್ತದೆ. ಸಾಲದ್ದಕ್ಕೆ ನೆಲ ಒದ್ದೆಯಿದ್ದರೆ ಬಹಳ ನಾಯಿಗಳು ಒಳಗೆ ಕಾಲಿಡುವುದಿಲ್ಲ. ಬಚ್ಚಲನ್ನೇ ಬಳಸುವುದಿದ್ದರೆ ನೀರು ಹೋಗುವ ಜಾಲರಿಯ ಪಕ್ಕ ಪ್ಲಾಸ್ಟಿಕ್ ಹುಲ್ಲಿನ ತುಂಡೊಂದನ್ನು ಹಾಕಿ, ಮನೆಯಲ್ಲಿ ಬೇರೆಲ್ಲೂ ಇಲ್ಲದ ಸ್ಪರ್ಶವನ್ನು ಅಲ್ಲಿ ಕೊಡಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದ ದಿನ ಚೆನ್ನಾಗಿ ನೀರು ಹೊಯ್ದು ಒಣಗಿಸಿದ ಮೇಲೆಯೇ ನಾಯಿಯನ್ನು ಬಿಡಬೇಕು. ಅದು ಪಾದ ನೆಕ್ಕಿಕೊಳ್ಳುವ ಪ್ರಾಣಿ.

ಹಳೆ ಪೇಪರ್ ಅಗ್ಗ, ಆದರೆ ಹೀರುವುದು ಕಡಿಮೆ, ಒದ್ದೆ ಅಂಚಿನಿಂದಾಚೆ ಹರಿಯುತ್ತದೆ. ಮೊದಲ ಒಂದೆರಡು ವಾರಕ್ಕೆ ಸಾಕು.

ಪ್ಯಾಡಿನ ಒಳಗಿರುವುದು ಮಕ್ಕಳ ಡೈಪರಿನಲ್ಲಿರುವ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ. ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಿ ಜೆಲ್ ಆಗುವ ಈ ವಸ್ತು ಉಪ್ಪಿನ ದ್ರಾವಣವನ್ನು ಹೀರುವುದು ಕೆಲವು ಹತ್ತು ಪಟ್ಟು ಮಾತ್ರ. ಮೂತ್ರದಲ್ಲಿ ಲವಣ ಧಾರಾಳವಾಗಿರುವುದರಿಂದ ನೀರು ಹೊಯ್ದು ತೋರಿಸುವ ಜಾಹೀರಾತನ್ನು ನಂಬಿ ಪ್ಯಾಡ್ ಕೊಂಡರೆ ನಿರಾಸೆಯಾಗುತ್ತದೆ. ಅಳತೆ ಇನ್ನೂ ಮುಖ್ಯ. ನಾಯಿ ಕೂರುವ ಮೊದಲು ಸುತ್ತು ಹಾಕುತ್ತದೆ, ಮುಂಗಾಲು ಪ್ಯಾಡಿನ ಮೇಲಿದೆಯೆಂದು ಗೊತ್ತಾದರೆ ಸಾಕು, ಕೂತುಬಿಡುತ್ತದೆ. ಹಿಂಭಾಗ ಅಂಚಿನಿಂದಾಚೆ ಇರುತ್ತದೆ. ಪ್ಯಾಡಿನ ಪಕ್ಕದಲ್ಲೇ ಉಚ್ಚೆ ಹೊಯ್ಯುವ ನಾಯಿ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಮಾಡಿದೆ. ಪ್ಯಾಡಿನ ಚಿಕ್ಕ ಬದಿಯೂ ನಾಯಿಯ ಮೈಯುದ್ದದ ಒಂದೂವರೆ ಪಟ್ಟು ಇರಲಿ. 45×60 ಸೆಂಟಿಮೀಟರಿನದು ಸಾಲದಿದ್ದರೆ 60×90ರದು ತನ್ನಿ. ಪ್ಯಾಡನ್ನು ಹರಿದುಹಾಕುವ ಮರಿಗೆ ಮೇಲೆ ಜಾಲರಿ ಇರುವ ಟ್ರೇ ಬೇಕೇ ಬೇಕು. ಒಳಗಿನ ಹತ್ತಿ, ಪ್ಲಾಸ್ಟಿಕ್, ಜೆಲ್ ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು. ನುಂಗಿದ್ದು ಕಂಡರೆ ವಾಂತಿಯಾಗುವವರೆಗೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ. ಬಳಸಿದ ಪ್ಯಾಡನ್ನು ಕಮೋಡಿಗೆ ಹಾಕಬೇಡಿ, ಪೇಪರಿನಲ್ಲಿ ಸುತ್ತಿ ಡೈಪರುಗಳು ಹೋಗುವ ಡಬ್ಬಿಗೇ ಹಾಕಿ.

ತೊಳೆದು ಬಳಸುವ ಬಟ್ಟೆಯ ಪ್ಯಾಡು ಕಸ ಕಡಿಮೆ ಮಾಡುತ್ತದೆ, ಆದರೆ ಮ್ಯಾಟಿನ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ, ಏಕೆಂದರೆ ಅದು ಬಟ್ಟೆಯೇ. ಎರಡರಲ್ಲಿ ಯಾವುದನ್ನು ಆರಿಸಿದರೂ ಕಲಿಯುವ ಎರಡು ಮೂರು ತಿಂಗಳು ಮನೆಯ ಮ್ಯಾಟುಗಳನ್ನೆಲ್ಲ ಎತ್ತಿ ಅಟ್ಟಕ್ಕೆ ಹಾಕುವುದೇ ಸರಿ.

ನಮ್ಮ ಮನೆಗಳಿಗೆ ಹೆಚ್ಚು ಹೊಂದುವುದು ಪ್ಲಾಸ್ಟಿಕ್ ಹುಲ್ಲಿನ ಟ್ರೇ. ಮೇಲೆ ಹುಲ್ಲು, ನಡುವೆ ಜಾಲರಿ, ಕೆಳಗೆ ಮೂತ್ರ ಬಸಿಯುವ ತಟ್ಟೆ. ಆ ಒರಟು ಸ್ಪರ್ಶ ಮನೆಯಲ್ಲಿ ಬೇರೆಲ್ಲೂ ಇಲ್ಲ, ಹೊರಗಿನ ಹುಲ್ಲಿಗೆ ಹತ್ತಿರವೂ ಹೌದು. ಮುಂದೆ ಪಾರ್ಕಿಗೆ ಕರೆದೊಯ್ದಾಗ ಪಾಠ ಮುಂದುವರಿಯುತ್ತದೆ. ಕೊಳ್ಳುವಾಗ ಹುಲ್ಲಿನ ಬೆನ್ನಿನಲ್ಲಿ ತೂತುಗಳಿವೆಯೇ ಎಂದು ಒಂದು ಲೋಟ ನೀರು ಹೊಯ್ದು ನೋಡಿ; ಎಳೆಗಳ ನಡುವೆ ನೀರು ನಿಂತರೆ ನಾಳೆ ಉಚ್ಚೆಯೂ ಹಾಗೇ ನಿಲ್ಲುತ್ತದೆ. ತಟ್ಟೆಯನ್ನು ದಿನಾ ಚೆಲ್ಲಿ ತೊಳೆಯಬೇಕು, ಹುಲ್ಲಿಗೆ ದಿನಾ ನೀರು ಹಾಕಿ ಬಿಸಿಲಿಗಿಡಬೇಕು. ಮಳೆಗಾಲದಲ್ಲಿ ಒಂದು ತುಂಡು ಒಣಗಲು ಎರಡು ದಿನ ಹಿಡಿಯುವುದರಿಂದ ಎರಡು ತುಂಡು ಇಟ್ಟುಕೊಳ್ಳುವುದು ಲೇಸು. ನರ್ಸರಿಯಿಂದ ತಂದ ನಿಜವಾದ ಲಾನ್ ಹುಲ್ಲನ್ನು ನಾಯಿಗಳು ಇನ್ನೂ ಬೇಗ ಒಪ್ಪುತ್ತವೆ. ಆದರೆ ಮೂತ್ರದ ಸಾರಜನಕ ಮತ್ತು ಲವಣ ಒಂದೇ ಕಡೆ ಬಿದ್ದು ಹುಲ್ಲು ಹಳದಿಯಾಗಿ ಸುಡುತ್ತದೆ. ಪ್ರತಿ ಸಲ ಮೇಲೊಂದು ಮಗ್ ನೀರು ಹಾಕಿದರೂ ಕೆಲವು ವಾರಗಳಲ್ಲಿ ಬದಲಿಸಬೇಕಾಗುತ್ತದೆ. ಕೀಟನಾಶಕ ಹೊಡೆದಿದ್ದಾರೆಯೇ ಎಂದು ಕೇಳಿಯೇ ತನ್ನಿ.

ಕಾಗದದ ಅಥವಾ ಮರದ ಉಂಡೆಕಾಳು ತುಂಬಿದ ಟ್ರೇಯೂ ನಡೆಯುತ್ತದೆ. ಬೆಕ್ಕಿಗೆ ಬಳಸುವ, ಒದ್ದೆಯಾದರೆ ಗಟ್ಟಿ ಕಟ್ಟುವ ಜೇಡಿಮಣ್ಣಿನ ಲಿಟರ್ ಮಾತ್ರ ಮರಿಗೆ ಬೇಡ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನಲ್ಲಿ ಅದು ಹೊಟ್ಟೆಯೊಳಗೂ ಗಟ್ಟಿ ಕಟ್ಟಬಹುದು.

ಮೇಲ್ಮೈ ಆರಿಸಿದ ಮೇಲೆ ಅದನ್ನು ಬದಲಿಸಬೇಡಿ. ಸುಮಾರು ನಾಲ್ಕಡಿಗೆ ನಾಲ್ಕಡಿ ಬೇಲಿ ಕಟ್ಟಿ ಒಂದು ಮೂಲೆಯಲ್ಲಿ ಹಾಸಿಗೆ, ನೀರು. ಎದುರು ಮೂಲೆಯಲ್ಲಿ ಟ್ರೇ ಇಡಿ. ಪ್ಯಾಡಾದರೆ ಮೊದಲ ಕೆಲವು ದಿನ ಹಾಸಿಗೆ ಬಿಟ್ಟು ಉಳಿದ ನೆಲವನ್ನೆಲ್ಲ ಮುಚ್ಚಿ, ಮರಿ ಮತ್ತೆ ಮತ್ತೆ ಕೂರುವ ಜಾಗ ತಿಳಿದ ಮೇಲೆ ಹಾಸಿಗೆಯ ಕಡೆಯಿಂದ ಒಂದೊಂದೇ ಪ್ಯಾಡ್ ತೆಗೆಯುತ್ತಾ ಬನ್ನಿ. ಮರಿ ನಿದ್ದೆಯಿಂದೆದ್ದ ಕೂಡಲೇ, ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ, ಆಟದ ನಡುವೆ, ಮಲಗುವ ಮುನ್ನ ಟ್ರೇಯತ್ತ ಕರೆದೊಯ್ಯಬೇಕು. ಊಟದ ನಂತರದ್ದು ಸುಮ್ಮನೆ ಹೇಳುವ ಮಾತಲ್ಲ: ಹೊಟ್ಟೆ ಹಿಗ್ಗಿದ ಸಂಕೇತಕ್ಕೆ ದೊಡ್ಡ ಕರುಳು ಮಲವನ್ನು ಮುಂದಕ್ಕೆ ತಳ್ಳುತ್ತದೆ. ಮೂರು ನಾಲ್ಕು ಹೊತ್ತಿನ ಊಟದ ಸಮಯ ಖಚಿತವಾಗಿದ್ದರೆ ಎರಡಕ್ಕೆ ಹೋಗುವ ಸಮಯವೂ ಖಚಿತವಾಗುತ್ತದೆ. ನೀರನ್ನು ಮಾತ್ರ ಎಂದೂ ಕಡಿಮೆ ಮಾಡಬೇಡಿ.

ಮರಿಯನ್ನು ಟ್ರೇಯ ಮೇಲೆ ಬಿಟ್ಟು, ಹಗ್ಗ ಹಿಡಿದು ಪಕ್ಕದಲ್ಲಿ ಸುಮ್ಮನೆ ಮೂರರಿಂದ ಐದು ನಿಮಿಷ ನಿಲ್ಲಿ. ಕೂತಾಗ ಮೆಲ್ಲಗೆ ಒಂದೇ ಮಾತು, "ಒಂದ" ಎನ್ನಿ ಸಾಕು. ಮುಗಿಸಿ ಎದ್ದ ಒಂದೆರಡು ಸೆಕೆಂಡಿನೊಳಗೆ, ಟ್ರೇಯ ಮೇಲೆಯೇ, ಕಡಲೆಕಾಳಿನಷ್ಟು ಬೇಯಿಸಿದ ಕೋಳಿಯ ತುಂಡು ಕೊಡಿ. ಅಡುಗೆಮನೆಗೆ ಹೋಗಿ ತಂದು ಕೊಟ್ಟರೆ ಮರಿ ಅಡುಗೆಮನೆಗೆ ಓಡಿಬಂದದ್ದಕ್ಕೆ ಬಹುಮಾನ ಪಡೆದಂತಾಗುತ್ತದೆ. ಹೊಯ್ಯುತ್ತಿರುವಾಗಲೇ ಜೋರಾಗಿ ಹೊಗಳಿದರೆ ಅರ್ಧಕ್ಕೇ ನಿಲ್ಲಿಸಿ ಓಡಿಬಂದು, ಉಳಿದರ್ಧವನ್ನು ಸೋಫಾದ ಪಕ್ಕ ಮುಗಿಸುತ್ತದೆ. ಏನೂ ಮಾಡದಿದ್ದರೆ ಹತ್ತು ಹದಿನೈದು ನಿಮಿಷ ಮಡಿಲಲ್ಲಿಟ್ಟುಕೊಂಡು ಮತ್ತೆ ಕರೆದೊಯ್ಯಿರಿ. ಮನೆಯಲ್ಲಿ ಸ್ವತಂತ್ರವಾಗಿ ಬಿಡುವುದು ಖಾಲಿ ಮಾಡಿದ ಮೇಲೆ ಮಾತ್ರ.

ತಪ್ಪಿ ಬೇರೆಡೆ ಮಾಡಿದ್ದನ್ನು ಆಮೇಲೆ ನೋಡಿದರೆ ಸುಮ್ಮನೆ ಒರೆಸಿ. ತಲೆ ತಗ್ಗಿಸಿ ಕಿವಿ ಮಡಚುವ ಅದರ ಮುಖ ನೋಡಿ "ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಎನ್ನುತ್ತೇವೆ. 2009ರಲ್ಲಿ ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಹದಿನಾಲ್ಕು ನಾಯಿಗಳ ಮೇಲೆ ಪ್ರಯೋಗ ಮಾಡಿ, ಆ ಮುಖ ಬರುವುದು ಮಾಲೀಕರು ಬೈದಾಗ, ನಾಯಿ ತಪ್ಪು ಮಾಡಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತೋರಿಸಿದರು. ಮೂತಿಯನ್ನು ಉಚ್ಚೆಗೆ ಒತ್ತುವ ಹಳೆಯ ಶಿಕ್ಷೆ ಕ್ರೂರ, ಜೊತೆಗೆ ನಿಷ್ಪ್ರಯೋಜಕ. ಅದರಿಂದ ಮರಿ ಕಲಿಯುವುದು ಮನುಷ್ಯರ ಕಣ್ಣೆದುರು ಕೂರಬಾರದು ಎಂಬುದನ್ನು. ಆಮೇಲೆ ಮಂಚದಡಿ, ಪರದೆಯ ಹಿಂದೆ ಮಾಡುತ್ತದೆ. ನೀವು ಪಕ್ಕದಲ್ಲಿ ನಿಂತಿದ್ದರೆ ಟ್ರೇಯ ಮೇಲೂ ಮಾಡುವುದಿಲ್ಲ.

ಒರೆಸುವುದರಲ್ಲೇ ಅರ್ಧ ಪಾಠವಿದೆ. ತಾಜಾ ಮೂತ್ರಕ್ಕೆ ನಮ್ಮ ಮೂಗಿನಲ್ಲಿ ಅಂಥ ವಾಸನೆಯಿಲ್ಲ. ಬ್ಯಾಕ್ಟೀರಿಯಾಗಳ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿದಾಗ ಘಾಟು ಏಳುತ್ತದೆ. ಟೈಲ್ಸ್ ಹೀರುವುದಿಲ್ಲ, ಟೈಲ್ಸ್ ಸಂದಿಯ ಸಿಮೆಂಟು ಹೀರುತ್ತದೆ. ಫಿನಾಯಿಲ್ ಹಾಕಿದರೆ ನಮಗೆ ವಾಸನೆ ಮುಚ್ಚುತ್ತದೆ, ಕೋಟ್ಯಂತರ ಘ್ರಾಣಗ್ರಾಹಕಗಳಿರುವ ನಾಯಿಯ ಮೂಗಿಗೆ ಎರಡೂ ಬೇರೆ ಬೇರೆಯಾಗಿಯೇ ತಿಳಿಯುತ್ತವೆ. ಕಪ್ಪು ಫಿನಾಯಿಲಿನ ಫೀನಾಲ್‌ಗಳು ಪಾದ ನೆಕ್ಕುವ ಪ್ರಾಣಿಗೆ ವಿಷಕಾರಿ ಕೂಡ. ಬ್ಲೀಚನ್ನಂತೂ ಉಚ್ಚೆಯ ಮೇಲೆ ಸುರಿಯಲೇಬಾರದು. ಅಮೋನಿಯಾದೊಡನೆ ಸೇರಿ ಶ್ವಾಸಕೋಶ ಸುಡುವ ಕ್ಲೋರಮೀನ್ ಅನಿಲ ಹೊಮ್ಮುತ್ತದೆ. ಬಟ್ಟೆಯಿಂದ ಒತ್ತಿ ಹೀರಿಸಿ, ನೀರಿನಿಂದ ಒರೆಸಿ, ಕಿಣ್ವವಿರುವ ಕ್ಲೀನರ್ ಹಾಕಿ ಹತ್ತು ಹದಿನೈದು ನಿಮಿಷ ಒದ್ದೆಯಾಗಿಯೇ ಬಿಡಿ. ಹಾಕಿದ ಕೂಡಲೇ ಒರೆಸಿದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ; ಮೊದಲೇ ಫಿನಾಯಿಲ್ ಬಿದ್ದಿದ್ದರೆ ಅದು ಕಿಣ್ವವನ್ನೇ ಕೆಡಿಸಿರುತ್ತದೆ. ಕಿಣ್ವದ ಕ್ಲೀನರ್ ಇಲ್ಲದಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ನಡೆಯುತ್ತದೆ, ಅಮೃತಶಿಲೆಯ ನೆಲಕ್ಕೆ ಮಾತ್ರ ಬೇಡ, ಹೊಳಪು ಹೋಗುತ್ತದೆ. ಟ್ರೇಯನ್ನು ಹೀಗೆ ಪೂರ್ತಿ ನಿರ್ವಾಸನೆ ಮಾಡಬೇಡಿ. ಹಳೆ ಪ್ಯಾಡಿನ ಅಂಗೈಯಗಲದ ಒದ್ದೆ ತುಂಡೊಂದನ್ನು ಹೊಸದರ ಮೇಲಿಟ್ಟರೆ ಅದೇ ದಾರಿಫಲಕ.

ಆರೇಳು ತಿಂಗಳು ದಾಟಿದ ಗಂಡು ನಾಯಿ ಕಾಲೆತ್ತಲು ಶುರುಮಾಡಿದಾಗ ಸಮತಟ್ಟಾದ ಟ್ರೇ ಸಾಲದು. ಕಾರ್ನೆಲ್ ವಿಶ್ವವಿದ್ಯಾಲಯದ ಬೆಟ್ಟಿ ಮೆಗ್ವಾಯರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಟ್ಟ ಗಂಡು ನಾಯಿಗಳು ದೊಡ್ಡವಕ್ಕಿಂತ ಹೆಚ್ಚು ಕೋನದಲ್ಲಿ ಕಾಲೆತ್ತುವುದು ಕಂಡಿತ್ತು. ಗುರುತು ಎತ್ತರಕ್ಕೆ ಬಿದ್ದಷ್ಟೂ ಹಾಕಿದವನು ದೊಡ್ಡವನೆಂಬ ಭಾವನೆ ಬರುತ್ತದೆ ಎಂಬುದು ಅವರ ಊಹೆ. ಆದ್ದರಿಂದ ಟ್ರೇಯ ನಡುವೆ ಒಂದಡಿ ಎತ್ತರದ ಕಂಬ ನಿಲ್ಲಿಸಿ, ಹಿಂದಿನ ಗೋಡೆಗೆ ತೊಳೆಯಬಹುದಾದ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಟ್ರೇಯನ್ನು ಬೇರೆಡೆಗೆ ಸರಿಸಬೇಕಾದರೆ ದಿನಕ್ಕೆ ಅರ್ಧ ಅಡಿಗಿಂತ ಹೆಚ್ಚು ಸರಿಸಬೇಡಿ. ಮಲವನ್ನು ದಿನಾ ತೆಗೆಯಿರಿ. ದುಂಡುಹುಳುವಿನ ಮೊಟ್ಟೆಗಳು ರೋಗ ಹರಡುವ ಸ್ಥಿತಿಗೆ ಬರಲು ಒಂದರಿಂದ ನಾಲ್ಕು ವಾರ ಬೇಕು, ನಿತ್ಯ ತೆಗೆದರೆ ಆ ಅವಕಾಶವೇ ಸಿಗುವುದಿಲ್ಲ. ತೊಳೆಯುವಾಗ ಕೈಗವಸು ಇರಲಿ, ಇಲಿಜ್ವರದ ರೋಗಾಣು ನಾಯಿಯ ಮೂತ್ರದಲ್ಲೂ ಬರಬಹುದು.

ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಮೊದಲು ಅನುಮಾನಿಸಬೇಕಾದ್ದು ಕಾಯಿಲೆಯನ್ನು: ಮೂತ್ರಕೋಶದ ಸೋಂಕು, ಶಿಟ್ಜು ಮುಂತಾದ ತಳಿಗಳಲ್ಲಿ ಹೆಚ್ಚಾಗಿ ಕಾಣುವ ಕಲ್ಲು, ವಯಸ್ಸಾದವುಗಳಲ್ಲಿ ಸಕ್ಕರೆ ಕಾಯಿಲೆ. ಇಲ್ಲಿ ಒಳಗಿನ ಟ್ರೇ ಅಂಗಳದ ಹುಲ್ಲಿಗಿಂತ ಉಪಕಾರಿ. ಒಣ ಪ್ಯಾಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಳಸಿದ ಮೇಲೆ ಕವರಿನಲ್ಲಿ ಹಾಕಿ ಮತ್ತೆ ತೂಗಿ. ಹೆಚ್ಚಿದ ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ಮೂತ್ರ. ದಿನದ ಮೊತ್ತ ಕಿಲೋಗೆ 50 ಮಿಲಿಲೀಟರ್ ದಾಟಿದರೆ, ಅಂದರೆ ನಾಲ್ಕು ಕಿಲೋದ ನಾಯಿಗೆ 200 ದಾಟಿದರೆ, ಆ ಅಂಕಿಯನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ. ಅವರು ಮೂತ್ರದ ಮಾದರಿ ಕೇಳಿದರೆ ಬೆಳಗಿನ ಪ್ಯಾಡನ್ನು ತಿರುವಿ, ಹೀರದ ಪ್ಲಾಸ್ಟಿಕ್ ಬದಿ ಮೇಲಾಗಿ ಹಾಸಿ. ನಾಯಿ ಎಂದಿನ ಜಾಗದಲ್ಲೇ ಕೂರುತ್ತದೆ. ನಿಂತ ಮೂತ್ರವನ್ನು ಸೂಜಿಯಿಲ್ಲದ ಸಿರಿಂಜಿನಿಂದ ಎಳೆದು ಶುದ್ಧ ಡಬ್ಬಿಗೆ ಹಾಕಿ, ಒಂದು ಗಂಟೆಯೊಳಗೆ ತಲುಪಿಸಿ.