‘ಸುಮ್ಮನೆ ಕುಳಿತಿದ್ದಾರೆ’ ಎಂದು ಬರೆಯುವ ಮುನ್ನ: ಡಿಮೆನ್ಷಿಯಾ ಆರೈಕೆ ಮನೆಯ ಗುಣಮಟ್ಟ ಅಳೆಯುವ ಟಿಪ್ಪಣಿ

ಬೆಳಗಾವಿಯಲ್ಲಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಡಿಮೆನ್ಷಿಯಾ (ನೆನಪು, ಯೋಚನೆ, ಮಾತಿನ ಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಇರುವ ಹಿರಿಯರು ವಾಸಿಸುವ ಒಂದು ಆರೈಕೆ ಮನೆಗೆ ನಮ್ಮ ತಂಡವನ್ನು ಹತ್ತು ದಿನಗಳ ಮಟ್ಟಿಗೆ ಕಳುಹಿಸಿದ್ದರು. ಕೊನೆಯಲ್ಲಿ ಆ ಮನೆಯ ಗುಣಮಟ್ಟದ ಬಗ್ಗೆ ವರದಿ ಬರೆಯಬೇಕಿತ್ತು. ನನ್ನ ಮೊದಲ ವೀಕ್ಷಣಾ ಹಾಳೆಯನ್ನು ಮೇಡಂ ಮರಳಿಸಿದಾಗ ಒಂದೇ ಪದಕ್ಕೆ ಒಂಬತ್ತು ಕಡೆ ಕೆಂಪು ಸುತ್ತು ಬಿದ್ದಿತ್ತು. ಆ ಪದ ‘ಸುಮ್ಮನೆ’. ‘ಅಜ್ಜಿ ಸುಮ್ಮನೆ ಕುಳಿತಿದ್ದಾರೆ’, ‘ಅಜ್ಜ ಸುಮ್ಮನೆ ಮಲಗಿದ್ದಾರೆ’. ಪಕ್ಕದಲ್ಲಿ ಮೇಡಂ ಬರೆದಿದ್ದ ಪ್ರಶ್ನೆ ಒಂದೇ: ಸುಮ್ಮನೆ ಎಂದರೆ ಏನು? ಉತ್ತರ ಹುಡುಕಲು ನನಗೆ ಮೂರು ದಿನ ಬೇಕಾಯಿತು. ಅದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆಯೇ ಇಂಥ ಮನೆಗಳಿಗೆ ಹೋಗಲಿರುವವರಿಗೆ ಇದು ನೆರವಾಗಬಹುದು.

ಮೊದಲು ಮೂರು ಕಂಬ

ಗುಣಮಟ್ಟದ ಪಾಠ ಅಮೆರಿಕದ ವೈದ್ಯ ಅವೆಡಿಸ್ ಡೊನಬೇಡಿಯನ್ ಅವರಿಂದ ಆರಂಭವಾಗುತ್ತದೆ. ಆರೋಗ್ಯ ಸೇವೆಯನ್ನು ಅಳೆಯಲು 1966ರಲ್ಲಿ ಅವರು ಕೊಟ್ಟ ಮೂರು ಕಂಬಗಳು ರಚನೆ, ಪ್ರಕ್ರಿಯೆ ಮತ್ತು ಫಲಿತಾಂಶ. ನಾನು ಇವನ್ನು ಮೂರು ಪ್ರಶ್ನೆಗಳಾಗಿ ನೆನಪಿಟ್ಟುಕೊಂಡಿದ್ದೇನೆ: ಇದೆಯೇ? ನಡೆಯುತ್ತಿದೆಯೇ? ಏನಾಯಿತು? ಸ್ನಾನದ ಮನೆಯಲ್ಲಿ ಹಿಡಿಕೆ ಇದೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಚ್ಚರವಾಗಿರುತ್ತಾರೆ ಎನ್ನುವುದು ರಚನೆ. ಆ ಹಿಡಿಕೆ ಹಿಡಿಸಿ ನಿಧಾನವಾಗಿ ಕರೆದೊಯ್ಯುತ್ತಾರೆಯೇ ಎನ್ನುವುದು ಪ್ರಕ್ರಿಯೆ. ಬಿದ್ದರೇ, ತೂಕ ಇಳಿಯಿತೇ, ಬೆನ್ನಿನಲ್ಲಿ ಹುಣ್ಣಾಯಿತೇ ಎನ್ನುವುದು ಫಲಿತಾಂಶ.

ಇಷ್ಟು ಎಲ್ಲರಿಗೂ ಬೇಗ ತಿಳಿಯುತ್ತದೆ. ಆದರೆ ಡಿಮೆನ್ಷಿಯಾ ಇರುವವರ ಮನೆಯಲ್ಲಿ ಒಂದು ತೊಡಕಿದೆ. ಬೇರೆ ರೋಗಿಗಳನ್ನು ಹೇಗಿದ್ದೀರಿ ಎಂದು ಕೇಳಿ ತಿಳಿಯಬಹುದು. ಇಲ್ಲಿ ಮಾತು ಬತ್ತಿಹೋದವರೂ ಇರುತ್ತಾರೆ, ನಿನ್ನೆಯ ದಿನವನ್ನು ಹೇಳಲಾಗದವರೂ ಇರುತ್ತಾರೆ. ಆದ್ದರಿಂದ ನಡುವಿನ ಕಂಬವನ್ನು, ಅಂದರೆ ನಡೆಯುತ್ತಿರುವುದನ್ನು, ಕಣ್ಣಾರೆ ನೋಡಿಯೇ ತಿಳಿಯಬೇಕು. ನಾನು ಎಡವಿದ್ದು ಆ ನೋಟದಲ್ಲೇ.

‘ಸುಮ್ಮನೆ’ ಎಂಬ ಪದವನ್ನು ಒಡೆಯುವುದು

ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ ಅವರು ಕ್ಯಾಥ್ಲೀನ್ ಬ್ರೆಡಿನ್ ಅವರೊಂದಿಗೆ ಡಿಮೆನ್ಷಿಯಾ ಕೇರ್ ಮ್ಯಾಪಿಂಗ್ ಎಂಬ ವೀಕ್ಷಣಾ ವಿಧಾನ ರೂಪಿಸಿದರು. ತರಬೇತಿ ಪಡೆದವರು ಹಜಾರ, ಊಟದ ಕೋಣೆಯಂಥ ಎಲ್ಲರೂ ಸೇರುವ ಜಾಗದಲ್ಲಿ ಕುಳಿತು ಕೆಲವರನ್ನೇ ಗಂಟೆಗಟ್ಟಲೆ ನೋಡುತ್ತಾರೆ. ಮಲಗುವ ಕೋಣೆ, ಸ್ನಾನದ ಮನೆಗಳಿಗೆ ಹೋಗುವುದಿಲ್ಲ. ಪ್ರತಿ ಐದು ನಿಮಿಷಕ್ಕೊಮ್ಮೆ ಎರಡು ಸಂಗತಿ ದಾಖಲಿಸುತ್ತಾರೆ. ಆ ವ್ಯಕ್ತಿ ಏನು ಮಾಡುತ್ತಿದ್ದರು ಎನ್ನುವುದು ಮೊದಲನೆಯದು. ಅದಕ್ಕೆ 23 ಸಂಕೇತಗಳಿವೆ. ಅವರ ಮನಸ್ಸು ಮತ್ತು ತೊಡಗುವಿಕೆ ಹೇಗಿತ್ತು ಎನ್ನುವುದು ಎರಡನೆಯದು. ಅದಕ್ಕೆ +5, +3, +1, -1, -3, -5 ಎಂಬ ಆರು ಅಂಕಗಳಿವೆ. ತರಬೇತಿ ಇಲ್ಲದ ನಾವು ಇದನ್ನು ಮ್ಯಾಪಿಂಗ್ ಎಂದು ಕರೆಯುವಂತಿಲ್ಲ. ಐದು ನಿಮಿಷದ ಶಿಸ್ತನ್ನು ಮಾತ್ರ ಕಲಿಕೆಗೆ ಎರವಲು ಪಡೆದೆವು.

ಗಮನಿಸಿ, ಈ ಅಂಕಗಳಲ್ಲಿ ಸೊನ್ನೆ ಇಲ್ಲ. ನಾನು ಮೊದಲ ದಿನವಿಡೀ ಹುಡುಕಿದ್ದು ಆ ಸೊನ್ನೆಯನ್ನೇ. ಅಜ್ಜಿ ಅಳುತ್ತಿಲ್ಲ, ನಗುತ್ತಲೂ ಇಲ್ಲ, ಹಾಗಾದರೆ ಸೊನ್ನೆ ತಾನೇ ಎನ್ನಿಸುತ್ತಿತ್ತು. ಸೊನ್ನೆ ಸಿಗದಿದ್ದಾಗ ಎಲ್ಲರಿಗೂ +1 ಹಾಕಿದೆ. ತೊಂದರೆ ಕೊಡದವರು ನೆಮ್ಮದಿಯಾಗಿದ್ದಾರೆ ಎಂಬ ಎಣಿಕೆ ನನ್ನೊಳಗೆ ಗಟ್ಟಿಯಾಗಿ ಕುಳಿತಿತ್ತು. ವಾರ್ಡಿನ ಕೆಲಸದಲ್ಲಿ ಅದು ನಮಗೆಲ್ಲ ಅಂಟಿಕೊಳ್ಳುತ್ತದೆ.

ಇಲ್ಲಿ ನಿಧಾನವಾಗಿ ಹೋಗೋಣ. ಬೆಳಗಾವಿಯ ಮಳೆಗಾಲದಲ್ಲಿ ಕಿಟಕಿಯ ಪಕ್ಕ ಕುಳಿತ ಅಜ್ಜ ಹೊರಗೆ ನೋಡುತ್ತಿದ್ದಾರೆ. ಯಾರಾದರೂ ಹಾದುಹೋದರೆ ಅವರ ಕಣ್ಣು ಹಿಂಬಾಲಿಸುತ್ತದೆ. ಪಾತ್ರೆ ಬಿದ್ದರೆ ತಲೆ ತಿರುಗುತ್ತದೆ. ಇದು ನೋಡುತ್ತಾ ಕುಳಿತಿರುವುದು. ಲೋಕದ ಜೊತೆ ನಂಟಿದೆ, ಇದಕ್ಕೆ +1. ಪಕ್ಕದ ಕುರ್ಚಿಯ ಅಜ್ಜಿಯ ಕಣ್ಣೂ ತೆರೆದೇ ಇದೆ. ಆದರೆ ಪಾತ್ರೆ ಬಿದ್ದರೂ ರೆಪ್ಪೆ ಮಿಸುಕುವುದಿಲ್ಲ, ಚಹಾದ ಲೋಟ ಮುಂದೆ ಬಂದರೂ ನೋಟ ಬದಲಾಗುವುದಿಲ್ಲ. ಇದು ಒಳಗೆ ಮುದುಡಿ ಕುಳಿತಿರುವುದು. ಇದಕ್ಕೆ -1. ನನ್ನ ಹಾಳೆಯಲ್ಲಿ ಇಬ್ಬರೂ ‘ಸುಮ್ಮನೆ’ ಇದ್ದರು.

ಒಂದು ಗಂಟೆಗೆ ಐದು ನಿಮಿಷದ 12 ಚೌಕಟ್ಟುಗಳು. ಆ ಅಜ್ಜಿಯ ಒಂದು ಗಂಟೆಯನ್ನು ಎರಡನೆಯ ಸಲ ಸರಿಯಾಗಿ ನೋಡಿದಾಗ 7 ಚೌಕಟ್ಟುಗಳಲ್ಲಿ +1, 4ರಲ್ಲಿ -1 ಬಂತು. ಆರೈಕೆಯ ಅಕ್ಕ ಬಂದು ಮೊಮ್ಮಗಳ ಬಗ್ಗೆ ಕೇಳಿದ ಒಂದು ಚೌಕಟ್ಟಿಗೆ +3. ಏಳರಲ್ಲಿ ನಾಲ್ಕು ಕಳೆದು ಮೂರು ಕೂಡಿಸಿದರೆ 6. ಅದನ್ನು 12ರಿಂದ ಭಾಗಿಸಿದರೆ ಸರಾಸರಿ 0.5. ನನ್ನ ಹಳೆಯ ಲೆಕ್ಕದಲ್ಲಿ ಆ ನಾಲ್ಕೂ +1 ಆಗಿಬಿಡುತ್ತಿದ್ದವು. ಆಗ ಮೊತ್ತ 14, ಸರಾಸರಿ 1.17. ಅದೇ ಅಜ್ಜಿ, ಅದೇ ಗಂಟೆ. ಆ ಇಪ್ಪತ್ತು ನಿಮಿಷ ಅವರು ಒಬ್ಬರೇ ಎಲ್ಲಿಗೋ ಹೋಗಿದ್ದರು ಎನ್ನುವುದನ್ನು ನನ್ನ ಹಾಳೆ ಅಳಿಸಿಹಾಕಿತ್ತು. ಈ ಲೆಕ್ಕ ಕೈಯಲ್ಲಿ ಮಾಡಿ ಮುಗಿಸಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಗುರುತಿಸಲು ನಾನು ಮಾಡಿಕೊಂಡ ದಾರಿ ಇದು: ಕೋಣೆಯಲ್ಲಿ ಏನಾದರೂ ಬದಲಾಗುವವರೆಗೆ ಕಾಯಿರಿ. ಬಾಗಿಲು ತೆರೆಯಲಿ, ಕುಕ್ಕರ್ ಕೂಗಲಿ, ಯಾರಾದರೂ ಕೆಮ್ಮಲಿ. ಆಗ ಕಣ್ಣು, ಕತ್ತು, ಕೈ ಈ ಮೂರನ್ನು ನೋಡಿ. ಮೂರರಲ್ಲಿ ಒಂದಾದರೂ ಉತ್ತರ ಕೊಟ್ಟರೆ ನಂಟಿದೆ. ಕಿವಿ ಮಂದವಿರುವವರ ವಿಷಯದಲ್ಲಿ ಸದ್ದನ್ನು ನಂಬಬೇಡಿ, ಓಡಾಟವನ್ನು ನೋಡಿ.

ಮೂರನೆಯ ‘ಸುಮ್ಮನೆ’ ಅಪಾಯದ್ದು. ನಿನ್ನೆಯವರೆಗೆ ಓಡಾಡಿಕೊಂಡಿದ್ದವರು ಇಂದು ದಿಢೀರನೆ ಮಂಕಾಗಿ, ತೂಕಡಿಸುತ್ತಾ, ಊಟ ಬೇಡ ಎನ್ನುತ್ತಿದ್ದರೆ ಅದು ಡಿಮೆನ್ಷಿಯಾ ಮುಂದುವರಿದದ್ದು ಎಂದು ತಿಳಿಯಬಾರದು. ಡೆಲಿರಿಯಂ, ಅಂದರೆ ದಿಢೀರನೆ ಬರುವ ಮನಸ್ಸಿನ ಗೊಂದಲ, ಇರಬಹುದು. ಕೂಗಾಡುವ ಡೆಲಿರಿಯಂ ಎಲ್ಲರ ಕಣ್ಣಿಗೆ ಬೀಳುತ್ತದೆ. ಮಂಕಾಗಿಸುವ ಡೆಲಿರಿಯಂ ಹಾಸಿಗೆಯಲ್ಲಿ ಮರೆಯಾಗಿ ಉಳಿಯುತ್ತದೆ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ನೀರಿನ ಕೊರತೆ ಇವೆಲ್ಲ ಕಾರಣವಾಗಬಹುದು. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾಯಾರಿಕೆ ಎಂದು ಹೇಳಲಾಗದವರಿಗೆ ಎಷ್ಟು ಹೊತ್ತಿಗೊಮ್ಮೆ ನೀರು, ಮಜ್ಜಿಗೆ ಕುಡಿಸುತ್ತಾರೆ, ಅದನ್ನು ಬರೆದಿಡುತ್ತಾರೆಯೇ ಎಂದು ಅಲ್ಲಿನ ಮನೆಗಳಲ್ಲಿ ಕೇಳಲೇಬೇಕು.

ನಾಲ್ಕನೆಯದು ನೋವಿನ ಮೌನ. ಸೊಂಟ ನೋಯುವ ಅಜ್ಜ ಅಲುಗಾಡದೆ ಕುಳಿತಿರುತ್ತಾರೆ, ಅಲುಗಾಡಿದರೆ ನೋಯುತ್ತದೆ. ಇದಕ್ಕೆ 2003ರಲ್ಲಿ ಪ್ರಕಟವಾದ ಪೈನಾಡ್ ಎಂಬ ಮಾಪನವಿದೆ. ಉಸಿರಾಟ, ನರಳುವ ಸದ್ದು, ಮುಖಭಾವ, ದೇಹದ ಬಿಗಿತ, ಸಮಾಧಾನಕ್ಕೆ ಒಗ್ಗುವುದು ಹೀಗೆ ಐದು ಅಂಶಗಳಿಗೆ ತಲಾ 0ಯಿಂದ 2, ಒಟ್ಟು 10. ಕುಳಿತಾಗ ಮಾತ್ರ ನೋಡಿದರೆ ಸಾಲದು, ಎಬ್ಬಿಸುವಾಗ, ಮಗ್ಗುಲು ಬದಲಿಸುವಾಗ ನೋಡಿ.

ಇನ್ನೊಂದು ಮೌನ ಮಾತ್ರೆಯದ್ದು. ಕ್ವೆಟಿಯಾಪಿನ್, ರಿಸ್ಪೆರಿಡೋನ್‌ನಂಥ ಮನೋರೋಗದ ಔಷಧಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯವನ್ನು ಸುಮಾರು 1.6ರಿಂದ 1.7 ಪಟ್ಟು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತು. ಕೆಲವರಿಗೆ ವೈದ್ಯರು ಯೋಚಿಸಿಯೇ ಕೊಡುತ್ತಾರೆ. ನಾವು ನೋಡಬೇಕಾದದ್ದು, ಯಾಕೆ ಆರಂಭಿಸಿದರು, ಮರುಪರಿಶೀಲನೆ ಯಾವಾಗ ಎನ್ನುವ ಎರಡು ಸಾಲು ಕಡತದಲ್ಲಿ ಇವೆಯೇ ಎಂದು.

ಬೀಳುವ ಲೆಕ್ಕ

ಬಿದ್ದವರ ಸಂಖ್ಯೆಯನ್ನು ಹಾಗೆಯೇ ಹೋಲಿಸಬಾರದು. 1000 ವಾಸ್ತವ್ಯ ದಿನಗಳಿಗೆ (ಒಬ್ಬರು ಒಂದು ದಿನ ಇದ್ದರೆ ಒಂದು ವಾಸ್ತವ್ಯ ದಿನ) ಎಷ್ಟು ಎಂದು ಲೆಕ್ಕ ಹಾಕಬೇಕು. ಒಂದು ಮನೆಯಲ್ಲಿ 24 ಜನ, 30 ದಿನ, 3 ಬಾರಿ ಬಿದ್ದಿದ್ದಾರೆ: 720 ದಿನಗಳಿಗೆ 3, ಅಂದರೆ 4.17. ಇನ್ನೊಂದರಲ್ಲಿ 40 ಹಾಸಿಗೆ ಇದ್ದರೂ ವಾಸವಿರುವವರು 30 ಜನ, ಅದೇ 30 ದಿನಗಳಲ್ಲಿ 4 ಬಾರಿ ಬಿದ್ದಿದ್ದಾರೆ: 900 ದಿನಗಳಿಗೆ 4, ಅಂದರೆ 4.44. ಹಾಸಿಗೆ ಎಣಿಸಿ 1200ರಿಂದ ಭಾಗಿಸಿದರೆ 3.33 ಬಂದು ಎರಡನೆಯ ಮನೆಯೇ ಮೇಲು ಎಂದು ಕಾಣಿಸುತ್ತದೆ. ಜನರನ್ನು ಎಣಿಸಿ, ಮಂಚವನ್ನಲ್ಲ.

ಯಾರೂ ಬಿದ್ದೇ ಇಲ್ಲ ಎಂದರೆ ತಕ್ಷಣ ಕುರ್ಚಿಗಳ ಕಡೆ ನೋಡಿ. ಸೊಂಟಕ್ಕೆ ಸೀರೆ ಅಥವಾ ಪಂಚೆ ಸುತ್ತಿ ಕಟ್ಟಿದ್ದಾರೆಯೇ? ಏಳಲಾಗದಂತೆ ಮುಂದೆ ಮೇಜು ಒತ್ತಿಟ್ಟಿದ್ದಾರೆಯೇ? ಕಟ್ಟಿ ಕೂರಿಸಿದರೆ ಬೀಳುವ ಲೆಕ್ಕ ಕಡಿಮೆ ಕಾಣಬಹುದು, ಆದರೆ ಅವರು ನಡೆಯುವುದನ್ನೇ ಮರೆಯಬಹುದು. ಬೀಳುವ ಸಂಖ್ಯೆ ಮತ್ತು ಕಟ್ಟಿಹಾಕಿದ ದಾಖಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೇ ಓದಬೇಕು.

ಮಾತು, ಊಟ, ಕಾಗದ

ಡಿಮೆನ್ಷಿಯಾ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗುವುದುಂಟು, ತೊಟ್ಟಿಲ ಭಾಷೆ ಉಳಿಯುತ್ತದೆ. ನಮ್ಮ ಬೆಳಗಾವಿಯಲ್ಲಿ ಇದು ಸಣ್ಣ ಮಾತಲ್ಲ. ಜೀವನವೆಲ್ಲ ಕಚೇರಿಯಲ್ಲಿ ಕನ್ನಡ ಆಡಿದವರು ಈಗ ಮರಾಠಿಯಲ್ಲಿ ಮಾತ್ರ ನೀರು ಕೇಳಬಹುದು. ಪ್ರತಿ ಪಾಳಿಯಲ್ಲೂ ಆ ಭಾಷೆ ಬಲ್ಲವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿ. ಏಕವಚನ ಕೇಳಿದ ಕೂಡಲೇ ಅಗೌರವ ಎಂದು ಬರೆಯುವ ಅವಸರ ಬೇಡ. ನಮ್ಮ ಕಡೆ ಆಯಿಯನ್ನು ನೀನು ಎಂದೇ ಕರೆಯುತ್ತೇವೆ, ಅದರಲ್ಲಿ ಅಕ್ಕರೆ ಇದೆ. ಹೇಳುವವರು ಎದುರಿಗೆ ಬಂದು, ಕಣ್ಣಿನ ಮಟ್ಟಕ್ಕೆ ಬಾಗಿ, ಉತ್ತರಕ್ಕೆ ಕಾಯುತ್ತಾರೆಯೇ ಎಂದು ನೋಡಿ. ಬೆನ್ನ ಹಿಂದಿನಿಂದ ಎಬ್ಬಿಸಿದರೆ ಬಹುವಚನವೂ ಒರಟೇ.

ಊಟದ ಹೊತ್ತಿಗೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ನುಂಗಲು ಕಷ್ಟವಾದಾಗ ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಕೊಡುತ್ತಾರೆಯೇ, ಅಥವಾ ಎಲ್ಲರಿಗೂ ಒಂದೇ ಗಂಜಿಯೇ? ಒಂದು ತಿಂಗಳಲ್ಲಿ ಶೇ 5, ಆರು ತಿಂಗಳಲ್ಲಿ ಶೇ 10ರಷ್ಟು ತೂಕ ಇಳಿದರೆ ಅದು ಗಂಭೀರ. ತೂಕದ ಪುಸ್ತಕ ಕೇಳಿ ನೋಡಿ.

ಕಾಗದದ ವಿಷಯ ಚಿಕ್ಕದು. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರಿಗಾಗುವ ವೃದ್ಧಾಶ್ರಮದ ಮಾತು ಆಡುತ್ತದೆ. ಆದರೆ ವೃದ್ಧಾಶ್ರಮ ಬೇರೆ, ಡಿಮೆನ್ಷಿಯಾ ಆರೈಕೆ ಮನೆ ಬೇರೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಕಾಯಿಲೆಯನ್ನು ವಯಸ್ಸಿನ ಖಾತೆಗೆ ಹಾಕುವ ಮನೆಯವರಿಗೆ ಈ ವ್ಯತ್ಯಾಸವನ್ನು ನಾವೇ ಬಿಡಿಸಿ ಹೇಳಬೇಕಾಗುತ್ತದೆ.

ಇಳಕಲ್ಲಿನ ಆಯಿ

ಆ ಮನೆಯಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್ ಕಡೆಯ ಆಯಿಯೊಬ್ಬರಿದ್ದರು. ಇಡೀ ದಿನ ಚಾದರದ ಅಂಚಿನ ಎಳೆ ಎಳೆದು, ಎರಡೆರಡು ಹೊಸೆದು ಬಿಡುತ್ತಿದ್ದರು. ಪಾಳಿ ಪುಸ್ತಕದಲ್ಲಿ ‘ಕಿರಿಕಿರಿ, ಚಾದರ ಹರಿಯುತ್ತಾರೆ’ ಎಂದಿತ್ತು. ಮೊದಲ ದಿನ ನಾನೂ ಅದನ್ನು ಅರ್ಥವಿಲ್ಲದ ಚಟುವಟಿಕೆ ಎಂದೇ ಗುರುತಿಸಿದ್ದೆ. ಭೇಟಿಗೆ ಬಂದ ಮಗಳಿಂದ ತಿಳಿಯಿತು, ಆಯಿ ಮದುವೆಯಾದಂದಿನಿಂದ ಮಗ್ಗದ ಮನೆಯವರು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಅವರ ಬೆರಳು ಆ ಕೆಲಸವನ್ನೇ ಮಾಡುತ್ತಿತ್ತು. ಸಾಂತ್ವನ, ಬಾಂಧವ್ಯ, ಒಳಗೊಳ್ಳುವಿಕೆ, ಕಾಯಕ, ಅಸ್ಮಿತೆ ಎಂದು ಕಿಟ್‌ವುಡ್ ಹೇಳಿದ ಐದು ಅಗತ್ಯಗಳನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಕೊನೆಯ ಎರಡು ನನಗೆ ಅರ್ಥವಾದದ್ದು ಆ ಬೆರಳುಗಳನ್ನು ನೋಡಿದ ಮೇಲೆ.

ಮಗಳು ಮರುದಿನ ಬಣ್ಣದ ನೂಲಿನ ಎರಡು ಲಡಿ ತಂದುಕೊಟ್ಟರು. ನನ್ನ ಕೊನೆಯ ಹಾಳೆಯ ಒಂದು ಸಾಲು ಹೀಗಿದೆ: ‘11.20ರಿಂದ 11.25. ಆಯಿ ಕೆಂಪು ನೂಲನ್ನು ಹಸಿರಿಗೆ ಸೇರಿಸುತ್ತಿದ್ದಾರೆ. ಬಾಗಿಲು ತೆರೆದಾಗ ತಲೆ ಎತ್ತಿದರು, ಮತ್ತೆ ಕೆಲಸಕ್ಕೆ ತಿರುಗಿದರು. ಆರೈಕೆಯ ಅಕ್ಕ ಲಡಿ ಹಿಡಿದು ಎದುರಿಗೆ ಕುಳಿತಿದ್ದಾರೆ. +3.’